ಎರಡು ಪ್ಲೇಟ್ ಜಾಸ್ತಿ ಹಾಕಿ ಅನ್ನುವ ಮೊದಲು

ಕಳೆದ ಮಳೆಗಾಲದಲ್ಲಿ ಒಂದು ಪಿಕಪ್ ನಮ್ಮ ಗ್ಯಾರೇಜಿಗೆ ಬಂತು. ಹನ್ನೆರಡು ವರ್ಷದ ಗಾಡಿ. ಹಾಸನದ ಕಡೆಯಿಂದ ಶುಂಠಿ, ತರಕಾರಿ ತುಂಬಿಕೊಂಡು ಘಾಟಿ ಇಳಿಯುತ್ತದೆ, ಬಾಡಿಗೆ ಸಿಕ್ಕರೆ ಸರಿ, ಇಲ್ಲದಿದ್ದರೆ ಖಾಲಿ ವಾಪಸ್ಸು. ಓನರ್ರೇ ಡ್ರೈವರ್ರು.

"ಮೇಸ್ತ್ರಿ, ಹಿಂದೆ ಎರಡು ಪ್ಲೇಟ್ ಜಾಸ್ತಿ ಹಾಕ್ಸಿದೀನಿ. ಲೋಡಿದ್ರೆ ರಾಜನ ತರ ಹೋಗುತ್ತೆ. ಖಾಲಿ ಬರೋವಾಗ ಮಾತ್ರ ಕುಣಿಯುತ್ತೆ. ಮೊನ್ನೆ ಶಿರಾಡೀಲಿ ಬ್ರೇಕ್ ಹಿಡಿದ್ರೆ ಹಿಂಭಾಗ ಪಕ್ಕಕ್ಕೆ ಬಂದ್ಬಿಡ್ತು. ಟೈರ್ ಬದಲಾಯಿಸ್ಲಾ?"

ಪ್ಲೇಟ್ ಅಂದರೆ ಗಾಡಿಯ ತೂಕ ಹೊರಲು ಚಕ್ರದ ಹತ್ತಿರ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿ, ಸ್ಪ್ರಿಂಗು. ಟೈರ್ ಚೆನ್ನಾಗಿಯೇ ಇತ್ತು. ಕೆಳಗೆ ತೂರಿ ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ಪ್ಲೇಟ್ ಅಲ್ಲ, ಒಂದು ತುಂಡು ಬೈಂಡಿಂಗ್ ವೈರ್. ಅದರ ವಿಷಯ ಆಮೇಲೆ ಹೇಳುತ್ತೇನೆ.

ಪಿಕಪ್ ಇಟ್ಟವರು ಸಾಮಾನ್ಯವಾಗಿ ಸಸ್ಪೆನ್ಷನ್ (ಪ್ಲೇಟು, ಶಾಕಬ್ಸರ್ ಎಲ್ಲ ಸೇರಿ) ಅಂದರೆ ಲೋಡ್ ಹೊರುವ ಸಾಮಾನು ಅಂತ ತಿಳಿದಿರುತ್ತಾರೆ. ಅದು ಅರ್ಧ ಮಾತ್ರ ನಿಜ. ಬಾಡಿಗೆ ಪಿಕಪ್ ಓಡುವ ಕಿಲೋಮೀಟರಿನಲ್ಲಿ ದೊಡ್ಡ ಪಾಲು ಖಾಲಿ ಓಡಾಟವೇ. ಖಾಲಿ ಪಿಕಪ್‌ನ ಹಿಂಭಾಗದಲ್ಲಿ ತೂಕ ಅನ್ನುವುದೇ ಇರುವುದಿಲ್ಲ. ಇಂಜಿನ್, ಕ್ಯಾಬಿನ್, ನಾವು, ಎಲ್ಲ ಮುಂದೆ. ಟನ್ನುಗಟ್ಟಲೆ ಹೊರಲು ಬಿಗಿ ಮಾಡಿದ ಪ್ಲೇಟು ಖಾಲಿಯಿದ್ದಾಗ ಬಗ್ಗುವುದೇ ಇಲ್ಲ. ಗುಂಡಿಗೆ ಬಿದ್ದರೆ ಚಕ್ರದ ಜೊತೆ ಬಾಡಿಯೂ ಎಗರುತ್ತದೆ. ಎಗರಿದ ಟೈರಿಗೆ ರಸ್ತೆ ಇಲ್ಲ. ರಸ್ತೆ ಇಲ್ಲದ ಟೈರಿಗೆ ಬ್ರೇಕ್ ಹಿಡಿದು ಏನು ಪ್ರಯೋಜನ?

ಹಳೆಯ ಗಾಡಿಯ ಹಿಂಭಾಗ ಕೂತಿದೆ ಅಂತ ಬರುವವರಿಗೆ ನಾನು ಮೊದಲು ಹೇಳುವ ಕೆಲಸ ಟೇಪು ತಗೊಂಡು ಅಳೆಯುವುದು. ಸಮತಟ್ಟು ಜಾಗದಲ್ಲಿ ಖಾಲಿ ನಿಲ್ಲಿಸಿ. ಟೈರಿನ ಗಾಳಿ ನಾಲ್ಕೂ ಸರಿ ಮಾಡಿಕೊಳ್ಳಿ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎಡಕ್ಕೂ ಬಲಕ್ಕೂ ಅಳೆದು ಚೀಟಿಯಲ್ಲಿ ಬರೆದಿಡಿ. ಎರಡೂ ಕಡೆ ಒಂದೇ ಸಮ ಇಳಿದಿದ್ದರೆ ಪ್ಲೇಟುಗಳು ದಣಿದಿವೆ ಅಂತ ಅರ್ಥ. ಒಂದೇ ಕಡೆ ಇಳಿದಿದ್ದರೆ ಪ್ಲೇಟು ಮುರಿದಿರಬಹುದು, ಇಲ್ಲವೇ ಪ್ಲೇಟಿನ ಹಿಂದಿನ ತುದಿ ತೂಗುವ ಕೊಂಡಿ ಶಾಕಲ್, ತುದಿಯ ಸುರುಳಿಯೊಳಗೆ ಕೂರುವ ಬುಷ್ ತಿಂದುಹೋಗಿರಬಹುದು. ನಮ್ಮ ಕಡೆ ಎಡಗಡೆ ಕೂತ ಗಾಡಿಗಳೇ ನನಗೆ ಜಾಸ್ತಿ ಸಿಗುವುದು. ಎದುರು ಬಸ್ಸು ಬಂದಾಗಲೆಲ್ಲ ಟಾರ್ ಬಿಟ್ಟು ಕೆಳಗಿಳಿಯುವುದು ಎಡ ಚಕ್ರ ತಾನೆ.

ಅಳೆದ ಮೇಲೆ ವೈರ್ ಬ್ರಷ್ಷಿನಿಂದ ಪ್ಲೇಟಿನ ಮಣ್ಣು ತೆಗೆಯಬೇಕು. ಬಿರುಕು ಮೂರು ಜಾಗದಲ್ಲಿ ಬರುತ್ತದೆ. ಪ್ಲೇಟುಗಳ ನಡುವೆ ತೂರುವ ಸೆಂಟರ್ ಬೋಲ್ಟಿನ ತೂತಿನ ಹತ್ತಿರ, ಎಲ್ಲಕ್ಕಿಂತ ಮೇಲಿರುವ ಮೇನ್ ಪ್ಲೇಟಿನ ತುದಿಯ ಸುರುಳಿಯ ಬುಡದಲ್ಲಿ, ಕೆಳಗಿನ ಪ್ಲೇಟು ಎಲ್ಲಿ ಮುಗಿಯುತ್ತದೋ ಆ ಗೆರೆಯಲ್ಲಿ. ತುಕ್ಕಿನ ಒಂದು ತೆಳು ಗೆರೆ ಕಂಡರೆ ಅನುಮಾನ ಪಡಿ. ಮೇನ್ ಪ್ಲೇಟು ಮುರಿದರೂ ಎಷ್ಟೋ ಗಾಡಿಗಳಲ್ಲಿ ಎರಡನೇ ಪ್ಲೇಟು ಸುರುಳಿಯನ್ನು ಅರ್ಧ ಸುತ್ತಿಕೊಂಡಿರುತ್ತದೆ. ಅದು ಹೌಸಿಂಗನ್ನು, ಅಂದರೆ ಹಿಂದಿನ ಚಕ್ರಗಳನ್ನು ಹೊತ್ತ ಆಕ್ಸಲ್ಲನ್ನು, ಹಿಡಿದಿಟ್ಟು ನಿಮ್ಮನ್ನು ಮನೆಗೆ ಮುಟ್ಟಿಸುತ್ತದೆ. ಮುಟ್ಟಿಸಿತು ಅಂತ ಇನ್ನೂ ಎರಡು ಟ್ರಿಪ್ ಹೊಡೆಯುವವರೂ ಇದ್ದಾರೆ.

ಈಗ ಪ್ಲೇಟ್ ಸೇರಿಸುವ ವಿಷಯಕ್ಕೆ ಬರೋಣ. ಏಳು ಪ್ಲೇಟಿನ ಸೆಟ್ಟಿಗೆ ಅದೇ ದಪ್ಪದ ಎರಡು ಉದ್ದ ಪ್ಲೇಟು ಸೇರಿಸಿದರೆ ಬಿಗಿ ಸುಮಾರು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಏರುತ್ತದೆ. ಅದೂ ಕಮ್ಮಿಯೇನಲ್ಲ. ಆದರೆ ನಿಜವಾದ ಮೋಸ ದಪ್ಪದಲ್ಲಿದೆ. ಪ್ಲೇಟಿನ ಬಿಗಿ ದಪ್ಪದ ಲೆಕ್ಕದಲ್ಲಿ ನೇರವಾಗಿ ಏರುವುದಿಲ್ಲ. ದಪ್ಪವನ್ನು ಮೂರು ಸಲ ಗುಣಿಸಿದಷ್ಟು ಏರುತ್ತದೆ. 7 ಮಿ.ಮೀ. ಪ್ಲೇಟಿಗೆ 7×7×7, ಅಂದರೆ 343. 8 ಮಿ.ಮೀ. ಪ್ಲೇಟಿಗೆ 8×8×8, ಅಂದರೆ 512. ಹೆಚ್ಚಿದ ದಪ್ಪ ಒಂದೇ ಮಿಲಿಮೀಟರ್, ಬಿಗಿ ಮಾತ್ರ ಒಂದೂವರೆ ಪಟ್ಟು. ಗುಜರಿಯಿಂದ ಯಾವುದೋ ದೊಡ್ಡ ಲಾರಿಯ ಪ್ಲೇಟು ತಂದು, ಕತ್ತರಿಸಿ, ತೂತು ಹಾಕಿ ಸೇರಿಸುತ್ತಾರಲ್ಲ, ಅಲ್ಲಿ ಏನಾಗುತ್ತದೆ ನೋಡಿ. ದಪ್ಪ ಪ್ಲೇಟು ಬಗ್ಗುವುದಿಲ್ಲ. ಪಕ್ಕದ ತೆಳು ಪ್ಲೇಟುಗಳು ಅದರ ತುದಿಯಲ್ಲಿ ಮಡಚಿಕೊಂಡು ಮುರಿಯುತ್ತವೆ. ಆಮೇಲೆ "ಕಂಪನಿ ಪ್ಲೇಟು ಸರಿಯಿಲ್ಲ" ಅನ್ನುತ್ತಾರೆ.

ತೂಕ ಎಲ್ಲಿಗೂ ಓಡಿಹೋಗುವುದಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಶುಂಠಿ ಮೂಟೆ ಅಂದರೆ 60 ಕಿಲೋ. ನಿಮ್ಮ ಆರ್‌ಸಿಯಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ, ಒಳಗೆ ಕೂತವರ ತೂಕ ಕಳೆದು 1,300 ಕಿಲೋ ಉಳಿಯಿತು ಅಂದುಕೊಳ್ಳಿ. ಅಂದರೆ 21 ಮೂಟೆ. 40 ಮೂಟೆ ಹಾಕಿದರೆ 2,400 ಕಿಲೋ. ಪ್ಲೇಟು ಜಾಸ್ತಿ ಮಾಡಿದರೆ ಗಾಡಿ ಕೂತಂತೆ ಕಾಣುವುದಿಲ್ಲ, ಅಷ್ಟೇ. ಆ 1,100 ಕಿಲೋ ಚಾಸಿ, ಹೌಸಿಂಗ್, ಬೇರಿಂಗ್, ವೀಲ್ ಸ್ಟಡ್, ಟೈರು, ಬ್ರೇಕಿನ ಮೇಲೆ ಕೂತೇ ಇರುತ್ತದೆ. ಕೂತ ಗಾಡಿ ಕೊನೆಪಕ್ಷ ಸಾಕಪ್ಪಾ ಅಂತ ಹೇಳುತ್ತಿತ್ತು. ಈಗ ಅದರ ಬಾಯಿಯನ್ನೂ ಕಟ್ಟಿದ್ದೀರಿ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚಿದ ಪ್ರತಿ ಟನ್ನಿಗೆ 2,000 ರೂಪಾಯಿ ಅಂತ ಇದೆ. ಎಷ್ಟು ಪ್ಲೇಟು ಹಾಕಿದರೂ ಆರ್‌ಸಿಯ ಅಂಕಿ ಬದಲಾಗುವುದಿಲ್ಲ.

ಹಾಗಾದರೆ ಕೂತ ಗಾಡಿಗೆ ಏನು ಮಾಡಬೇಕು? ನನ್ನ ಅನುಭವದಲ್ಲಿ ಹತ್ತು ವರ್ಷ ದಾಟಿದ ಪಿಕಪ್‌ಗೆ ಮೊದಲು ಬೇಕಾಗಿರುವುದು ಸಣ್ಣ ಸಾಮಾನು. ಬುಷ್, ಶಾಕಲ್, ಪಿನ್ನು, ಸೆಂಟರ್ ಬೋಲ್ಟ್, ಯು ಬೋಲ್ಟ್. ಯಾರೂ ಇವುಗಳಿಗೆ ದುಡ್ಡು ಕೊಡಲು ಒಪ್ಪುವುದಿಲ್ಲ, ಕಣ್ಣಿಗೆ ಕಾಣಲ್ವಲ್ಲ. ಪ್ಲೇಟಿನ ಮುಂದಿನ ತುದಿ ಚಾಸಿಗೆ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿರುತ್ತದೆ. ಹಿಂದಿನ ತುದಿ ಶಾಕಲ್‌ನಲ್ಲಿ ತೂಗುತ್ತದೆ. ಲೋಡ್ ಬಿದ್ದಾಗ ಬಾಗಿದ ಪ್ಲೇಟು ನೇರವಾಗಿ ಉದ್ದ ಆಗುತ್ತದೆ, ಶಾಕಲ್ ಉಯ್ಯಾಲೆ ತರ ಹಿಂದಕ್ಕೆ ಸರಿದು ಜಾಗ ಕೊಡುತ್ತದೆ. ಆ ಶಾಕಲ್ ತುಕ್ಕು ಹಿಡಿದು ನಿಂತರೆ ಎಷ್ಟು ಒಳ್ಳೆಯ ಪ್ಲೇಟು ಇದ್ದರೂ ಅದು ಮರದ ದಿಮ್ಮಿ. ಗ್ರೀಸ್ ನಿಪ್ಪಲ್ ಇರುವ ಗಾಡಿಯಾದರೆ ಗ್ರೀಸ್ ಹೊಡೆಯಲು ಅರ್ಧ ಗಂಟೆಯೂ ಬೇಡ.

ರಬ್ಬರ್ ಬುಷ್ ಹಾಕುವಾಗ ಒಂದು ತಪ್ಪನ್ನು ಒಳ್ಳೊಳ್ಳೆ ಮೆಕ್ಯಾನಿಕ್ಕರೂ ಮಾಡುತ್ತಾರೆ. ಗಾಡಿ ಜಾಕಿನ ಮೇಲೆ ಇರುವಾಗಲೇ, ಪ್ಲೇಟು ಜೋತು ಬಿದ್ದಿರುವಾಗಲೇ, ಬೋಲ್ಟ್ ಪೂರ್ತಿ ಟೈಟ್ ಮಾಡಿಬಿಡುತ್ತಾರೆ. ರಬ್ಬರ್ ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದ ಕೂಡಲೇ ತಿರುಚುತ್ತದೆ. ಹೀಗೆ ಇಡೀ ಆಯುಸ್ಸು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬೋಲ್ಟು ಸುಮ್ನೆ ಕೈಬಿಗಿ ಮಾಡಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಎರಡು ಸಲ ಕುಲುಕಿ, ಆಮೇಲೆ ಪೂರ್ತಿ ಬಿಗಿ ಕೊಡಿ.

ಇನ್ನು ವಾಟರ್ ಸರ್ವಿಸ್ ಮಾಡಿಸಿದ ಮೇಲೆ ಪ್ಲೇಟಿಗೆ ಹಳೇ ಇಂಜಿನ್ ಆಯಿಲ್, ಡೀಸೆಲ್ ಹೊಡೆಸುವ ಅಭ್ಯಾಸ. ಕಿರುಗುಟ್ಟುವ ಸದ್ದು ನಿಲ್ಲುತ್ತದೆ, ಮನಸ್ಸಿಗೆ ಸಮಾಧಾನ. ಆದರೆ ಆಯಿಲ್ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಆಯಿಲಿನ ಮೇಲೆ ಧೂಳು ಕೂತು ಉಜ್ಜುವ ಕಾಗದದ ತರ ಪ್ಲೇಟನ್ನು ತಿನ್ನುತ್ತದೆ. ಡ್ರಮ್ಮಿಗೆ ಹಾರಿದರೆ ಬ್ರೇಕೂ ಹೋಯಿತು.

ಯು ಬೋಲ್ಟ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಪ್ಲೇಟನ್ನು ಹೌಸಿಂಗಿಗೆ ಅಪ್ಪಿ ಹಿಡಿಯುವುದು ಇದೇ. ಸೆಂಟರ್ ಬೋಲ್ಟು ತೂಕ ಹಿಡಿಯಲು ಇರುವುದಲ್ಲ, ಪ್ಲೇಟುಗಳನ್ನು ಒಟ್ಟಿಗೆ ಇಟ್ಟು ಹೌಸಿಂಗಿಗೆ ಜಾಗ ತೋರಿಸಲು ಇರುವುದು. ಯು ಬೋಲ್ಟ್ ಸಡಿಲವಾದರೆ ಹೌಸಿಂಗಿನ ಎಳೆತವೆಲ್ಲ ಆ ಸಣ್ಣ ಬೋಲ್ಟಿನ ಮೇಲೆ ಬೀಳುತ್ತದೆ. ಅದು ಕತ್ತರಿಸಿಹೋಗುತ್ತದೆ, ಹೌಸಿಂಗ್ ಒಂದು ಕಡೆ ಸರಿಯುತ್ತದೆ. ಹಿಂದಿನಿಂದ ನೋಡಿದರೆ ಗಾಡಿ ಏಡಿ ತರ ಓರೆ ಓಡುತ್ತಿರುತ್ತದೆ. ಮುರಿದ ಸೆಂಟರ್ ಬೋಲ್ಟ್ ಬದಲಾಯಿಸಿ ಕಳಿಸುವ ಗ್ಯಾರೇಜುಗಳಿವೆ. ಅದು ಯಾಕೆ ಮುರಿಯಿತು ಅಂತ ಕೇಳಿ. ಒಮ್ಮೆ ಬಿಗಿ ಮಾಡಿದ ಯು ಬೋಲ್ಟು ಎಳೆದುಕೊಂಡಿರುತ್ತದೆ, ಬಿಚ್ಚಿದರೆ ಹೊಸದೇ ಹಾಕಿ. ನಾಲ್ಕೂ ನಟ್ಟನ್ನು ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಹೊಸ ಪ್ಲೇಟು ಒಂದರ ಮೇಲೊಂದು ಕೂತುಕೊಳ್ಳಲು ಸಮಯ ಬೇಕು. ಲೋಡಿನಲ್ಲಿ ನಾಲ್ಕೈದು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಕೊಡಲೇಬೇಕು. ನಾನು ಬಿಲ್ಲಿನ ಮೇಲೇ ಬರೆದು ಕೊಡುತ್ತೇನೆ. ಹತ್ತು ಜನರಲ್ಲಿ ಇಬ್ಬರು ಬಂದರೆ ಪುಣ್ಯ.

ಕೂತ ಪ್ಲೇಟನ್ನು ಬಡಿದು ಮತ್ತೆ ಬಾಗಿಸುವುದು ಅಗ್ಗದ ದಾರಿ. ಕೈ ಪಳಗಿದ ಪ್ಲೇಟ್ ಕೆಲಸದವರ ಹತ್ತಿರ, ತಣ್ಣಗಿರುವಾಗಲೇ ಬಡಿಸಿದರೆ ಒಂದು ಸಲಕ್ಕೆ ಅಡ್ಡಿಯಿಲ್ಲ. ಎರಡನೇ ಸಲ ದುಡ್ಡು ದಂಡ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಗ್ಗಿಸುತ್ತೇನೆ ಅಂದರೆ ಗಾಡಿ ವಾಪಸ್ ತಗೊಂಡು ಬನ್ನಿ. ಸ್ಪ್ರಿಂಗ್ ಉಕ್ಕಿಗೆ ಆ ಗುಣ ಬಂದಿರುವುದು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿದ್ದರಿಂದ. ರಸ್ತೆ ಬದಿಯಲ್ಲಿ ಗ್ಯಾಸ್ ಹಚ್ಚಿದರೆ ಆ ಹದ ಹೋಗುತ್ತದೆ. ಪ್ಲೇಟಿಗೆ ವೆಲ್ಡಿಂಗ್ ಮಾಡಿದರೂ ಅದೇ ಕಥೆ. ಮತ್ತೆ, ಮನೆಯಲ್ಲೇ ಸೆಟ್ ಬಿಚ್ಚುತ್ತೇನೆ ಅನ್ನುವವರು ಕ್ಲಾಂಪ್ ಹಾಕದೆ ಸೆಂಟರ್ ಬೋಲ್ಟ್ ಬಿಚ್ಚಬೇಡಿ. ಪ್ಲೇಟುಗಳು ಒತ್ತಿಕೊಂಡು ಕೂತಿರುತ್ತವೆ. ನನ್ನ ಎಡಗೈ ತೋರುಬೆರಳಿನ ಉಗುರು ಈಗಲೂ ಸೊಟ್ಟ ಬೆಳೆಯುತ್ತದೆ.

ಪ್ಲೇಟ್ ಬದಲಾಯಿಸಲೇಬೇಕಾದರೆ ಎರಡೂ ಕಡೆ ಒಟ್ಟಿಗೆ, ಮೂಲ ಅಳತೆಯ ಸೆಟ್ಟೇ ಹಾಕಿ. ಲೋಡಿನ ಭಯ ಇದ್ದವರಿಗೆ ನಾನು ಒಪ್ಪುವ ಸುಧಾರಣೆ ಹೆಲ್ಪರ್, ಅಂದರೆ ಸಹಾಯಕ್ಕೆ ಇಡುವ ಪ್ರತ್ಯೇಕ ಸ್ಪ್ರಿಂಗು, ಒಂದೇ. ಅದು ಖಾಲಿಯಿದ್ದಾಗ ಕೆಲಸ ಮಾಡಬಾರದು. ಲೋಡ್ ಬಿದ್ದು ಗಾಡಿ ಇಳಿದ ಮೇಲೆ ಅದರ ತುದಿಗಳು ಬ್ರಾಕೆಟ್ಟಿಗೆ ತಾಗಿ ಆಸರೆ ಕೊಡಬೇಕು. ಖಾಲಿ ಗಾಡಿಯಲ್ಲಿ ಹೆಲ್ಪರಿಗೂ ಬ್ರಾಕೆಟ್ಟಿಗೂ ಸಂದು ಕಾಣದಿದ್ದರೆ ಅದು ಹೆಲ್ಪರ್ ಅಲ್ಲ, ಇನ್ನೊಂದು ಪ್ಲೇಟು.

ಪ್ಲೇಟಿನ ಜೊತೆಗೆ ನೋಡಬೇಕಾದ ಇನ್ನೊಂದು ಸಾಮಾನು ಶಾಕಬ್ಸರ್. ಅದು ತೂಕ ಹೊರುವುದಿಲ್ಲ. ಪ್ಲೇಟು ಕುಣಿಯುವುದನ್ನು ನಿಲ್ಲಿಸುತ್ತದೆ. ಒಳಗಿನ ಆಯಿಲು ಸಣ್ಣ ತೂತುಗಳಲ್ಲಿ ನುಗ್ಗಿ ಕುಣಿತವೆಲ್ಲ ಬಿಸಿಯಾಗುತ್ತದೆ. ಹಾಗಾಗಿ ಪರೀಕ್ಷೆ ಸುಲಭ. ಕೆಟ್ಟ ರಸ್ತೆಯಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಸೈಲೆನ್ಸರ್ ತಾಗದಂತೆ ಒಂದೊಂದನ್ನೇ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕೆಲಸ ಮಾಡಿದೆ. ತಣ್ಣಗಿದ್ದರೆ ಸುಮ್ನೆ ಜೊತೆಗೆ ಬಂದಿದೆ.

ಈಗ ಆ ಬೈಂಡಿಂಗ್ ವೈರ್. ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕ್ ಲೈನಿಗೆ ಲೋಡ್ ನೋಡಿ ಪ್ರೆಷರ್ ಕೊಡುವ ಒಂದು ವಾಲ್ವ್ ಇರುತ್ತದೆ. ಚಾಸಿಯಲ್ಲಿ ವಾಲ್ವು, ಅಲ್ಲಿಂದ ಹೌಸಿಂಗಿಗೆ ಒಂದು ರಾಡು. ಗಾಡಿ ಇಳಿದಿದ್ದರೆ ಲೋಡಿದೆ ಅಂತ ತಿಳಿದು ಹಿಂದಕ್ಕೆ ಪೂರ್ತಿ ಪ್ರೆಷರ್ ಬಿಡುತ್ತದೆ. ಎತ್ತರದಲ್ಲಿದ್ದರೆ ಖಾಲಿ ಅಂತ ತಿಳಿದು ಕಮ್ಮಿ ಮಾಡುತ್ತದೆ. ಪ್ಲೇಟ್ ಸೇರಿಸಿ ಹಿಂಭಾಗ ಎತ್ತಿದರೆ ಏನಾಯಿತು? 40 ಮೂಟೆ ಹೊತ್ತಿದ್ದರೂ ವಾಲ್ವಿನ ಲೆಕ್ಕದಲ್ಲಿ ಗಾಡಿ ಹೆಚ್ಚುಕಮ್ಮಿ ಖಾಲಿ. ಹಿಂದಿನ ಬ್ರೇಕ್ ಅರೆಬರೆ. ಮೊದಲು ಹೇಳಿದ ಆ ಪಿಕಪ್‌ಗೂ ಹಾಗೇ ಆಗಿ, ಲೋಡಿನಲ್ಲಿ ಬ್ರೇಕ್ ಸಾಲಲ್ಲ ಅಂತ ಯಾರೋ ರಾಡು ಬಿಚ್ಚಿ ವಾಲ್ವನ್ನು ಪೂರ್ತಿ ಲೋಡಿನ ಜಾಗಕ್ಕೆ ವೈರಿನಲ್ಲಿ ಕಟ್ಟಿದ್ದರು. ಲೋಡಿದ್ದಾಗ ಬ್ರೇಕ್ ರಾಜ. ಖಾಲಿ ಗಾಡಿಯಲ್ಲಿ, ಮಳೆಯಲ್ಲಿ, ಮೊದಲೇ ಎಗರುತ್ತಿರುವ ಹಿಂದಿನ ಚಕ್ರಕ್ಕೆ ಅದೇ ಪ್ರೆಷರ್ ಹೋದರೆ ಚಕ್ರ ತಿರುಗದೆ ಕಚ್ಚಿಕೊಂಡು ಜಾರದೆ ಇನ್ನೇನು ಮಾಡೀತು?

ಹಿಂಭಾಗ ಎತ್ತಿದರೆ ಮುಂಭಾಗಕ್ಕೂ ತೊಂದರೆಯೇ. ಗಾಡಿ ಮೂಗು ಬಗ್ಗಿಸುವುದರಿಂದ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕಮ್ಮಿಯಾಗಿ ತೇಲಿದಂತಾಗುತ್ತದೆ. ಹಿಂದಿನ ಚಕ್ರಕ್ಕೆ ಇಂಜಿನ್ನಿನ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಕೀಲು, ಅಂದರೆ ಕ್ರಾಸ್, ಬೇಗ ಸವೆಯುತ್ತದೆ. ಮುಂದೆ ಪ್ಲೇಟಿನ ಬದಲು ಟಾರ್ಶನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ, ಇರುವ ಗಾಡಿಗಳಲ್ಲಿ ಇದನ್ನು ಸರಿದೂಗಿಸಲು ಬೋಲ್ಟ್ ತಿರುಗಿಸಿ ಮುಂದೆಯೂ ಎತ್ತುತ್ತಾರೆ. ಎತ್ತರ ಏರುತ್ತದೆ, ಬಾರ್ ಗಟ್ಟಿಯಾಗುವುದಿಲ್ಲ, ಅಲೈನ್‌ಮೆಂಟ್ ಕೆಡುತ್ತದೆ.

ಆ ಗಾಡಿಗೆ ನಾವು ಎರಡು ದಿನ ಹಿಡಿಸಿದೆವು. ಸೇರಿಸಿದ್ದ ನಾಲ್ಕು ಪ್ಲೇಟು ತೆಗೆದೆವು, ಎರಡೂ ಕಡೆಯದು. ಅವುಗಳ ಮಧ್ಯೆ ಸಿಕ್ಕಿದ್ದ ಮೂಲ ಪ್ಲೇಟಿನಲ್ಲಿ ಒಂದು ಆಗಲೇ ಮುರಿದಿತ್ತು, ಓನರ್ರಿಗೆ ಗೊತ್ತೇ ಇರಲಿಲ್ಲ. ಹೊಸ ಸೆಟ್ಟು, ಬುಷ್, ಯು ಬೋಲ್ಟ್, ಹಿಂದೆ ಎರಡು ಶಾಕಬ್ಸರ್. ವಾಲ್ವಿನ ರಾಡನ್ನು ಮತ್ತೆ ಜೋಡಿಸಿ ಸೆಟ್ ಮಾಡಿದೆವು. ಖಾಲಿ ಗಾಡಿಯನ್ನು ಬೈಪಾಸಿನಲ್ಲಿ ಓಡಿಸಿ ಬಂದರು. "ಮೆತ್ತಗಾಯ್ತು ಮೇಸ್ತ್ರಿ, ಲೋಡ್ ತಡೆಯುತ್ತಾ?" ಅಂದರು. 21 ಮೂಟೆ ತಡೆಯುತ್ತೆ ಅಂದೆ. ಅವರಿಗೆ ಅಷ್ಟೇನೂ ಖುಷಿಯಾಗಲಿಲ್ಲ.

ಮರು ಬಿಗಿಗೆ ಮಾತ್ರ ಹೇಳಿದ ದಿನಕ್ಕೇ ಬಂದರು. ಹೋಗುವಾಗ ಮೂಲೆಯಲ್ಲಿ ಬಿದ್ದಿದ್ದ ಆ ನಾಲ್ಕು ಪ್ಲೇಟು ಕೇಳಿದರು. ಇನ್ನೆಲ್ಲಿ ಹಾಕಿಸುತ್ತೀರಿ ಅಂತ ಗದರಿದೆ. "ಅಯ್ಯೋ ಇಲ್ಲ, ಊರಲ್ಲಿ ಕುಲುಮೆಗೆ ಕೊಡ್ತೀನಿ. ತೋಟದ ಮರಗಸಿಗೆ, ಕೊಂಬೆ ಸವರೋಕೆ, ಪ್ಲೇಟಿನ ಕತ್ತಿಯಷ್ಟು ಚೆನ್ನಾಗಿ ಯಾವುದೂ ಬರಲ್ಲ" ಅಂದರು. ಆ ಮಾತು ನಿಜ. ನನಗೂ ಒಂದು ಮಾಡಿಸಿ ತನ್ನಿ ಅಂತ ಹೇಳಿ ಕಳಿಸಿದೆ.