ಹೋಗಲಾಗದ ಶನಿವಾರದ ಸೀಟು ಯಾರದು?

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳ ಸೀಸನ್ ಟಿಕೆಟ್, ಅಂದರೆ ತವರಿನ ಪಂದ್ಯಗಳಿಗೆಲ್ಲ ಒಟ್ಟಿಗೆ ಕೊಳ್ಳುವ ಟಿಕೆಟ್, ಬಹಳ ಕಾಲ ಒಂದು ಪುಟ್ಟ ಪುಸ್ತಕವಾಗಿತ್ತು. ನಮ್ಮ ಬ್ಯಾಂಕಿನ ಚೆಕ್ ಬುಕ್ ಇದ್ದ ಹಾಗೆ. ಒಳಗೆ ನಂಬರ್ ಹಾಕಿದ ಚೀಟಿಗಳು. ಶನಿವಾರ ಮಧ್ಯಾಹ್ನ ಸ್ಟೇಡಿಯಂಗೆ ಹೋದರೆ, ಇಕ್ಕಟ್ಟಾದ ತಿರುಗು ಗೇಟಿನ ಪಕ್ಕದ ಗೂಡಿನಲ್ಲಿ ಕೂತವನು ಆ ದಿನದ ಚೀಟಿ ಹರಿದುಕೊಳ್ಳುತ್ತಿದ್ದ. ಗೇಟು ಕಟಕ್ ಅಂದರೆ ನೀವು ಒಳಗೆ. ಮುಖ ನೋಡುವವರಿಲ್ಲ, ಹೆಸರು ಕೇಳುವವರಿಲ್ಲ.

ಒಂದು ಶನಿವಾರ ಮನೆಯಲ್ಲಿ ಮದುವೆ ಬಂತು ಅಂತಿಟ್ಟುಕೊಳ್ಳಿ. ಪುಸ್ತಕ ಭಾವಮೈದುನನ ಕೈಗೆ ಹೋಗುತ್ತಿತ್ತು. ಅವನು ಪಂದ್ಯ ನೋಡಿ, ಸೋಮವಾರ ಪುಸ್ತಕ ವಾಪಸ್ ಕೊಟ್ಟು, ಜೊತೆಗೆ ಒಂದಿಷ್ಟು ದುಡ್ಡೂ ಕೊಡುತ್ತಿದ್ದ. ಇಲ್ಲವೇ ಪಬ್‌ನಲ್ಲಿ ಒಂದು ಬಿಯರ್ ಕುಡಿಸುತ್ತಿದ್ದ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಟಿಕೆಟ್ ಮಾತ್ರ ಅಜ್ಜನ ಹೆಸರಿನಲ್ಲೇ ರಿನ್ಯೂ ಆಗುತ್ತಿದ್ದ ಮನೆಗಳೂ ಇದ್ದವು. ಮೊಮ್ಮಗ ಆ ಸೀಟಿನಲ್ಲಿ ಕೂರುತ್ತಿದ್ದ.

ಇವತ್ತು ಇಂಗ್ಲೆಂಡಿನಲ್ಲಿ ಭಾವಮೈದುನನಿಂದ ಆ ದುಡ್ಡು ತೆಗೆದುಕೊಂಡರೆ, ಕ್ಲಬ್ಬಿನ ಲಿಖಿತ ಒಪ್ಪಿಗೆ ಇಲ್ಲದಿದ್ದರೆ, ಅದು ಅಪರಾಧ. ಕೊಟ್ಟ ಬೆಲೆಗೇ, ಒಂದು ಪೆನ್ನಿ ಲಾಭವಿಲ್ಲದೆ ಮಾರಿದರೂ ಅಪರಾಧವೇ. ಹೀಗೆ ಹೇಗಾಯಿತು ಅಂತ ನೋಡಬೇಕಾದರೆ ಸೀಟೇ ಇಲ್ಲದ ಕಾಲಕ್ಕೆ ಹೋಗಬೇಕು.

ಲಿವರ್‌ಪೂಲ್ ತಂಡದ ಆನ್‌ಫೀಲ್ಡ್ ಸ್ಟೇಡಿಯಂನಲ್ಲಿ ‘ಕಾಪ್’ ಅಂತ ಒಂದು ಸ್ಟ್ಯಾಂಡ್ ಇದೆ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ, 1900ರ ಜನವರಿಯಲ್ಲಿ, ಸ್ಪಿಯನ್ ಕಾಪ್ ಎಂಬ ಗುಡ್ಡದ ಮೇಲೆ ಕಾದಾಟ ನಡೆದಿತ್ತು. ಆ ಗುಡ್ಡದ ಹೆಸರೇ ಈ ಸ್ಟ್ಯಾಂಡಿಗೆ ಬಂತು. (ಆ ಕಾದಾಟದಲ್ಲಿ ಗಾಯಗೊಂಡವರನ್ನು ಸ್ಟ್ರೆಚರ್ ಮೇಲೆ ಹೊತ್ತವರಲ್ಲಿ ಗಾಂಧಿಯೂ ಒಬ್ಬರು. ಸುಮ್ನೆ ಹೇಳಿದೆ.) ಹಳೆಯ ಕಾಪ್‌ನಲ್ಲಿ ಕುರ್ಚಿ ಇರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿದ್ದ ಕಾಂಕ್ರೀಟಿನ ಮೇಲೆ ಸಾವಿರಾರು ಜನ ಒತ್ತಿಕೊಂಡು ನಿಲ್ಲುತ್ತಿದ್ದರು. ಬೇಗ ಬಂದವನಿಗೆ ಒಳ್ಳೆಯ ಜಾಗ. ಸೀಟೇ ಇಲ್ಲದಲ್ಲಿ ‘ನನ್ನ ಸೀಟು’ ಅನ್ನುವ ಮಾತೂ ಇಲ್ಲ.

1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಸ್ಟೇಡಿಯಂನಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. ಬೇಲಿ ಕಟ್ಟಿದ ನಿಲ್ಲುವ ಜಾಗದಲ್ಲಿ ನೂಕುನುಗ್ಗಲಾಗಿ ಲಿವರ್‌ಪೂಲ್‌ನ 97 ಅಭಿಮಾನಿಗಳು ಸತ್ತರು. ಪೊಲೀಸರು ಜನರನ್ನು ನಿಭಾಯಿಸುವುದರಲ್ಲಿ ಸೋತದ್ದೇ ಮುಖ್ಯ ಕಾರಣ ಅಂತ ನ್ಯಾಯಮೂರ್ತಿ ಟೇಲರ್ ವರದಿ ಕೊಟ್ಟರು. 1990ರ ಅಂತಿಮ ವರದಿಯ ದೊಡ್ಡ ಶಿಫಾರಸು ಎಲ್ಲರಿಗೂ ಗೊತ್ತು: ದೊಡ್ಡ ಕ್ಲಬ್‌ಗಳ ಸ್ಟೇಡಿಯಂಗಳಲ್ಲಿ ಇನ್ನು ಮೇಲೆ ಎಲ್ಲರಿಗೂ ಸೀಟು. ಅದೇ ವರದಿಯಲ್ಲಿ ಒಂದು ಸಣ್ಣ ಮಾತೂ ಇತ್ತು. ತವರು ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಪಂದ್ಯದ ಟಿಕೆಟ್ ಮಾರುವುದನ್ನು ಅಪರಾಧ ಮಾಡುವ ಬಗ್ಗೆ ಯೋಚಿಸಿ ಅಂತ.

ಕಾರಣ ಬೆಲೆ ಅಲ್ಲ. ಬ್ಲ್ಯಾಕ್‌ನಲ್ಲಿ ಮಾರುವವನು ನೀವು ಯಾವ ತಂಡದವರು ಅಂತ ನೋಡುವುದಿಲ್ಲ, ನೋಟು ನೋಡುತ್ತಾನೆ. ಇಂಗ್ಲೆಂಡಿನಲ್ಲಿ ಎರಡು ತಂಡದ ಅಭಿಮಾನಿಗಳನ್ನು ಬೇರೆ ಬೇರೆ ಕಡೆ ಕೂರಿಸುವುದು ರೂಢಿ. ನಡುವೆ ಪೊಲೀಸರು, ಖಾಲಿ ಸೀಟಿನ ಸಾಲುಗಳು. ಬ್ಲ್ಯಾಕ್ ಟಿಕೆಟ್ ಈ ಗೆರೆಯನ್ನು ಅಳಿಸಿಬಿಡುತ್ತಿತ್ತು. ಕೆಂಪು ಅಂಗಿಗಳ ನಡುವೆ ಕೂತ ಒಬ್ಬ ನೀಲಿ ಅಂಗಿಯವನು ಗೋಲಾದಾಗ ಎದ್ದು ಕುಣಿದರೆ ಸಾಕಿತ್ತು. ನಮ್ಮಲ್ಲಿ ಥಿಯೇಟರ್ ಮುಂದೆ ‘ಬಾಲ್ಕನಿ, ಬಾಲ್ಕನಿ’ ಅಂತ ಪಿಸುಗುಡುತ್ತಾ ಸುತ್ತುತ್ತಿದ್ದವರು ನೆನಪಿದ್ದಾರಲ್ವಾ? ಅವರಿಂದ ಕೈ ಖಾಲಿಯಾಗುತ್ತಿತ್ತು ಅಷ್ಟೆ, ಒಳಗೆ ಹೊಡೆದಾಟ ಆಗುತ್ತಿರಲಿಲ್ಲ.

ವರದಿಯ ಆ ಎರಡೂ ಮಾತು 1994ರಲ್ಲಿ ನಿಜವಾದವು. ಏಪ್ರಿಲ್ 30ರಂದು ಕಾಪ್‌ನಲ್ಲಿ ಜನ ಕೊನೆಯ ಸಲ ನಿಂತು ಪಂದ್ಯ ನೋಡಿದರು. ನಾರ್ವಿಚ್ ಎದುರು ಲಿವರ್‌ಪೂಲ್ 0–1ರಿಂದ ಸೋತಿತು, ಅದು ಬೇರೆ ಮಾತು. ಆಮೇಲೆ ಅಲ್ಲಿ ಸುಮಾರು 12,000 ಸೀಟು ಬಂದವು. ಪ್ರತಿಯೊಂದಕ್ಕೂ ಒಂದು ಸಾಲು, ಒಂದು ನಂಬರು. ಅದೇ ವರ್ಷ ಪಾರ್ಲಿಮೆಂಟು ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಆಕ್ಟ್ ಮಾಡಿತು. ಬಯಲಿನಲ್ಲಿ ರಾತ್ರಿಯಿಡೀ ಕುಣಿಯುವ ರೇವ್ ಪಾರ್ಟಿಗಳಿಗೆ ಕಡಿವಾಣ ಹಾಕಿದ ಕಾಯ್ದೆ ಅಂತಲೇ ಅದು ಹೆಸರಾಯಿತು. ಫುಟ್‌ಬಾಲ್ ಟಿಕೆಟ್ ಅದರ ಒಂದು ಮೂಲೆಯಲ್ಲಿ, 166ನೇ ಸೆಕ್ಷನ್‌ನಲ್ಲಿ ಕೂತಿತ್ತು. ಸಾರ್ವಜನಿಕ ಜಾಗದಲ್ಲಿ ಆಗಲಿ, ವ್ಯಾಪಾರವಾಗಿ ಆಗಲಿ ಒಪ್ಪಿಗೆಯಿಲ್ಲದೆ ಟಿಕೆಟ್ ಮಾರಬಾರದು ಅಂತ ಅದು ಹೇಳಿತು. ಭಾವಮೈದುನ ಅಡುಗೆಮನೆಯಲ್ಲಿ ಕೊಡುವ ದುಡ್ಡು ಇನ್ನೂ ಅದರ ಕಣ್ಣಿಗೆ ಬಿದ್ದಿರಲಿಲ್ಲ.

ಬಿದ್ದದ್ದು ಇಂಟರ್‌ನೆಟ್ ಬಂದ ಮೇಲೆ. ಬೀದಿಯಲ್ಲಿ ನಿಂತು ಮಾರುವ ಅಗತ್ಯವೇ ಹೋಯಿತು, ಕೋಣೆಯಲ್ಲಿ ಕೂತು ಮಾರಬಹುದಿತ್ತು. 2006ರ ವಯೊಲೆಂಟ್ ಕ್ರೈಮ್ ರಿಡಕ್ಷನ್ ಆಕ್ಟ್ ಮೂಲಕ 166ನೇ ಸೆಕ್ಷನ್ ತಿದ್ದಿದರು. ಜಾಗದ ಮಾತನ್ನು ತೆಗೆದರು. ಮಾರುವುದಷ್ಟೇ ಅಲ್ಲ, ಜಾಹೀರಾತು ಕೊಡುವುದೂ ತಪ್ಪಾಯಿತು. ಬೇರೊಂದು ವಸ್ತು ಕೊಂಡವನಿಗೆ ಟಿಕೆಟ್ ‘ಉಚಿತ’ ಕೊಡುವುದೂ ತಪ್ಪಾಯಿತು. ‘ಈ ಪೆನ್ನಿಗೆ 200 ಪೌಂಡ್, ಟಿಕೆಟ್ ಪುಕ್ಕಟೆ’ ಅನ್ನುವ ಚಾಲಾಕಿಗೆ ಅಲ್ಲಿಗೆ ಬಾಗಿಲು ಮುಚ್ಚಿತು. ಮಾರುವುದು ‘ಅಥವಾ ಬೇರೆ ರೀತಿಯಲ್ಲಿ ಇನ್ನೊಬ್ಬರಿಗೆ ದಾಟಿಸುವುದು’ ಎಂಬ ಮಾತು ಕೂಡ ಸೇರಿತು. ಅಕ್ಷರಕ್ಕೆ ಅಕ್ಷರ ಹಿಡಿದರೆ ಬಿಯರ್ ಕುಡಿಸಿಕೊಂಡು ಪುಸ್ತಕ ಕೊಡುವುದೂ ಇದರೊಳಗೆ ಬರುತ್ತದೆ. ದಂಡಕ್ಕೆ ಮೊದಲು 5,000 ಪೌಂಡ್‌ಗಳ ಮಿತಿ ಇತ್ತು. 2015ರಿಂದ ಆ ಮಿತಿಯೂ ಇಲ್ಲ.

ಈಗ ಕಥೆ ತಿರುಗುವ ಜಾಗ. ಕಾಯ್ದೆ ಬಿಗಿಯಾದ ಅದೇ 2006ರಲ್ಲಿ ಲಂಡನ್ನಿನಲ್ಲಿ ವಯಾಗೋಗೋ ಅಂತ ಟಿಕೆಟ್ ಮರುಮಾರಾಟದ ಒಂದು ಕಂಪನಿ ಶುರುವಾಯಿತು. ಕಟ್ಟಿದವರು ಎರಿಕ್ ಬೇಕರ್. ಅಮೆರಿಕದಲ್ಲಿ ಇಂಥದ್ದೇ ಕಂಪನಿಯಾದ ಸ್ಟಬ್‌ಹಬ್ ಕಟ್ಟಿದವರಲ್ಲಿ ಅವರೂ ಒಬ್ಬರು. ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಚೆಲ್ಸಿ ಆ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡವು. ಕ್ಲಬ್ಬಿನ ಲಿಖಿತ ಒಪ್ಪಿಗೆ ಇದ್ದರೆ ಮಾರಾಟ ಅಪರಾಧವಲ್ಲ, ಅಲ್ವಾ? ಆ ಒಪ್ಪಿಗೆಯೇ ಮಾರುವ ಸರಕಾಯಿತು. ಜನರ ಸುರಕ್ಷತೆಗೆ ಅಂತ ಹಾಕಿದ ಬೀಗ. ಕೀಲಿ ಮಾತ್ರ ಕ್ಲಬ್ಬಿನ ಜೇಬಿಗೆ ಹೋಯಿತು.

ಲಂಡನ್ನಿನ ಟಾಟೆನ್‌ಹ್ಯಾಮ್ ಕ್ಲಬ್ ಇನ್ನೂ ಮುಂದೆ ಹೋಯಿತು. 2013ರಲ್ಲಿ ಸ್ಟಬ್‌ಹಬ್ ಜೊತೆ ಸೇರಿ, ಸೀಸನ್ ಟಿಕೆಟ್‌ನವರು ಮುದ್ರಿತ ಬೆಲೆಗಿಂತ ಜಾಸ್ತಿಗೂ ಮಾರಬಹುದು ಅಂದಿತು. ಅದೇ ಕ್ಲಬ್ಬಿನ ಅಭಿಮಾನಿಗಳ ಸಂಘ ಇದರ ವಿರುದ್ಧ ಹೋರಾಟ ಹೂಡಿತು. ಗೇಟಿನ ಹೊರಗೆ ಹೆಚ್ಚು ಬೆಲೆಗೆ ಮಾರಿದವನನ್ನು ಪೊಲೀಸರು ಹಿಡಿಯುತ್ತಾರೆ, ಒಳಗಿನವರ ವೆಬ್‌ಸೈಟ್‌ನಲ್ಲಿ ಮಾರಿದರೆ ಕ್ಲಬ್ ಕಮಿಷನ್ ಎಣಿಸುತ್ತದೆ. ಈ ವ್ಯತ್ಯಾಸ ನನಗಂತೂ ಎಷ್ಟು ಯೋಚಿಸಿದರೂ ಗಂಟಲಲ್ಲಿ ಇಳಿಯುವುದಿಲ್ಲ.

ಈಗ ಬಹುತೇಕ ಕ್ಲಬ್‌ಗಳದ್ದು ಸ್ವಂತ ‘ಟಿಕೆಟ್ ಎಕ್ಸ್‌ಚೇಂಜ್’. ನೋಡಲು ನ್ಯಾಯವಾಗಿದೆ: ಹೆಚ್ಚು ಬೆಲೆ ಇಲ್ಲ, ಕೊಳ್ಳುವವರು ಕ್ಲಬ್ಬಿನ ಸದಸ್ಯರೇ. ಆದರೆ ಲೆಕ್ಕ ಹಾಕಿ ನೋಡಿ. ಪ್ರೀಮಿಯರ್ ಲೀಗ್‌ನಲ್ಲಿ ಒಂದು ತಂಡಕ್ಕೆ ತವರಿನಲ್ಲಿ 19 ಪಂದ್ಯ. ಸೀಸನ್ ಟಿಕೆಟ್ 760 ಪೌಂಡ್ ಅಂತಿಟ್ಟುಕೊಂಡರೆ ಒಂದು ಪಂದ್ಯಕ್ಕೆ 40. ಮದುವೆಗೆ ಹೋಗುವವನು ಸೀಟನ್ನು ಎಕ್ಸ್‌ಚೇಂಜ್‌ಗೆ ಹಾಕಿದರೆ ಅವನಿಗೆ ಸಿಗುವುದು ಹೆಚ್ಚೆಂದರೆ ಈ 40, ಅದರಲ್ಲೂ ಕೆಲವು ಕಡೆ ಶುಲ್ಕ ಕಳೆಯುತ್ತಾರೆ. ಕೊಳ್ಳುವವನು ಕೊಡುವುದು ಬಿಡಿ ಟಿಕೆಟ್ಟಿನ ಬೆಲೆ, 60 ಅನ್ನಿ. ನಡುವಿನ 20 ಕ್ಲಬ್ಬಿಗೆ. ಕೊಳ್ಳುವ ಹಕ್ಕು ಬೇಕಾದರೆ ವರ್ಷದ ಸದಸ್ಯತ್ವ ಶುಲ್ಕ ಬೇರೆ. ಒಂದೇ ಕುರ್ಚಿ, ಎರಡು ಸಲ ದುಡ್ಡು. ಎಷ್ಟೋ ಕಡೆ ಪಂದ್ಯದ ಉಳಿದ ಟಿಕೆಟ್‌ಗಳೆಲ್ಲ ಖಾಲಿಯಾಗುವವರೆಗೆ ಎಕ್ಸ್‌ಚೇಂಜ್ ತೆರೆಯುವುದೂ ಇಲ್ಲ. ಚಳಿಗಾಲದ ಮಂಗಳವಾರ ರಾತ್ರಿ, ಕೆಳಗಿನ ಸ್ಥಾನದ ತಂಡದ ವಿರುದ್ಧದ ಪಂದ್ಯವಾದರೆ ನಿಮ್ಮ ಸೀಟು ಪಟ್ಟಿಯಲ್ಲೇ ಕೊಳೆಯುತ್ತದೆ.

ಎಲ್ಲ ದೇಶದಲ್ಲೂ ಹೀಗೇ ಅಂತಲ್ಲ. ಜರ್ಮನಿಯಲ್ಲಿ ಹ್ಯಾಂಬರ್ಗ್ ಕ್ಲಬ್ ಮತ್ತು ಒಂದು ಟಿಕೆಟ್ ವೆಬ್‌ಸೈಟ್ ನಡುವಿನ ಜಗಳ ಅಲ್ಲಿನ ದೊಡ್ಡ ಕೋರ್ಟಿಗೆ ಹೋಯಿತು. 2008ರಲ್ಲಿ ತೀರ್ಪು ಬಂತು. ಮರುಮಾರಾಟದ ಉದ್ದೇಶ ಮುಚ್ಚಿಟ್ಟು ಕ್ಲಬ್ಬಿನಿಂದ ನೇರವಾಗಿ ಟಿಕೆಟ್ ಕೊಳ್ಳುವ ವ್ಯಾಪಾರಿಯನ್ನು ಕ್ಲಬ್ ತಡೆಯಬಹುದು, ಆದರೆ ಸಾಮಾನ್ಯ ಅಭಿಮಾನಿಯಿಂದ ಅವನು ಕೊಂಡರೆ ತಡೆಯಲಾಗದು ಅಂತ ಕೋರ್ಟು ಹೇಳಿತು.

ಹಾಗಾದರೆ ಇಂಗ್ಲೆಂಡಿನ ಭಯ ಸುಳ್ಳೇ? ಅಲ್ಲ. ಅದನ್ನು ನೋಡಲು 2022ರ ಏಪ್ರಿಲ್ 14ರ ರಾತ್ರಿ ಬಾರ್ಸಿಲೋನಾಕ್ಕೆ ಹೋಗಬೇಕು. ಈಸ್ಟರ್ ರಜೆಯ ಗುರುವಾರ. ಬಾರ್ಸಿಲೋನಾ ಕ್ಲಬ್ಬಿನ ಕ್ಯಾಂಪ್ ನೌ ಸ್ಟೇಡಿಯಂನಲ್ಲಿ ಯುರೋಪಾ ಲೀಗ್ ಕ್ವಾರ್ಟರ್ ಫೈನಲ್, ಎದುರಾಳಿ ಜರ್ಮನಿಯ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್. ಅತಿಥಿಗಳಿಗೆ ಕೊಟ್ಟದ್ದು 5,000 ಟಿಕೆಟ್. ಬಂದು ಕೂತವರು 30,000ದ ಹತ್ತಿರ. ಬಿಳಿ ಅಂಗಿ ತೊಟ್ಟು ಬಂದಿದ್ದರು. ತವರಿನ ಗ್ಯಾಲರಿಗಳಲ್ಲೂ ಬಿಳಿ, ಎದುರು ದಿಕ್ಕಿನಲ್ಲೂ ಬಿಳಿ. ರಜೆಗೆ ಊರು ಬಿಟ್ಟ ಸೀಸನ್ ಟಿಕೆಟ್‌ನವರ ಸೀಟುಗಳು ಕೈಯಿಂದ ಕೈಗೆ ದಾಟಿ ಫ್ರಾಂಕ್‌ಫರ್ಟ್ ತಲುಪಿದ್ದವು. ಬಾರ್ಸಿಲೋನಾದ ಹುರುಪಿನ ಅಭಿಮಾನಿಗಳ ಗುಂಪು ಸಿಟ್ಟಿಗೆದ್ದು ಎರಡನೇ ಅರ್ಧ ಶುರುವಾದಾಗ ತಮ್ಮ ಜಾಗ ಖಾಲಿ ಬಿಟ್ಟಿತು. ತಂಡ 2–3ರಿಂದ ಸೋತಿತು. ನಾಚಿಕೆಯಾಗುತ್ತಿದೆ ಅಂದರು ಕ್ಲಬ್ ಅಧ್ಯಕ್ಷ ಜೊವಾನ್ ಲಪೋರ್ತಾ.

ತಮಾಷೆ ಏನೆಂದರೆ, ಬಾರ್ಸಿಲೋನಾ ಸೀಟು ಬಿಟ್ಟುಕೊಡುವ ವ್ಯವಸ್ಥೆಯನ್ನು ಬಹಳ ಹಿಂದೆಯೇ ಮಾಡಿಕೊಂಡಿದ್ದ ಕ್ಲಬ್. ಹೋಗಲಾಗದ ಸದಸ್ಯರು ಸೀಟನ್ನು ಕ್ಲಬ್ಬಿಗೆ ಬಿಡುತ್ತಾರೆ, ಮಾರಾಟವಾದರೆ ಒಂದು ಪಾಲು ಅವರಿಗೆ. ಆದರೆ ಹೊರಗೆ ಅದಕ್ಕಿಂತ ಎಷ್ಟೋ ಪಟ್ಟು ಸಿಗುವಾಗ, ಕ್ಲಬ್ಬಿನ ಪಾಲಿಗೆ ಕಾಯುವವರು ಯಾರು?

ಪುಸ್ತಕ ಹೋಗಿ ಪ್ಲಾಸ್ಟಿಕ್ ಕಾರ್ಡ್ ಬಂತು, ಕಾರ್ಡ್ ಹೋಗಿ ಟಿಕೆಟ್ ಫೋನಿನೊಳಗೆ ಸೇರಿತು. ಇನ್ನು ಬ್ಲ್ಯಾಕ್ ಮುಗಿಯಿತು ಅಂದುಕೊಂಡರು. ದಂಧೆಯವರು ಟಿಕೆಟ್ ಇರುವ ಫೋನನ್ನೇ ಡಿಪಾಸಿಟ್ ಇಟ್ಟುಕೊಂಡು ಬಾಡಿಗೆಗೆ ಕೊಡಲು ಶುರು ಮಾಡಿದರು. ಪಂದ್ಯ ಮುಗಿದ ಮೇಲೆ ಫೋನು ವಾಪಸ್! ಭಾವಮೈದುನನ ಪುಸ್ತಕದ ಪದ್ಧತಿಯೇ, ಬಿಯರ್ ಒಂದಿಲ್ಲ ಅಷ್ಟೆ. ಲಿವರ್‌ಪೂಲ್ ಕ್ಲಬ್ 2024–25ರ ಸೀಸನ್‌ನಲ್ಲಿ ಟಿಕೆಟ್ ಕೊಳ್ಳಲು ತೆರೆದಿದ್ದ ಲಕ್ಷಕ್ಕೂ ಹೆಚ್ಚು ನಕಲಿ ಖಾತೆಗಳನ್ನು ಮುಚ್ಚಿತು.

ಕಾರ್ಡ್ ಮತ್ತು ಫೋನ್ ಬಂದದ್ದರಿಂದ ಇನ್ನೊಂದಾಯಿತು. ಯಾರು ಬಂದರು, ಯಾರು ಬರಲಿಲ್ಲ ಅನ್ನುವುದು ಕ್ಲಬ್ಬಿಗೆ ಪಕ್ಕಾ ಗೊತ್ತಾಗತೊಡಗಿತು. ಟಿವಿಯಲ್ಲಿ ಖಾಲಿ ಸೀಟು ಕಂಡರೆ ಅವರಿಗೆ ಮುಜುಗರ. ಹಾಗಾಗಿ ಹಲವು ಕ್ಲಬ್‌ಗಳು ಹೊಸ ನಿಯಮ ತಂದಿವೆ: ನೀವೇ ಬನ್ನಿ, ಇಲ್ಲವೇ ಎಕ್ಸ್‌ಚೇಂಜ್‌ಗೆ ಹಾಕಿ. ಎರಡೂ ಮಾಡದೆ ಇಷ್ಟು ಪಂದ್ಯ ತಪ್ಪಿಸಿದರೆ ಮುಂದಿನ ವರ್ಷ ಸೀಸನ್ ಟಿಕೆಟ್ ಇಲ್ಲ. ದುಡ್ಡು ಕೊಟ್ಟು ಕೊಂಡ ಸೀಟನ್ನು ಖಾಲಿ ಬಿಡುವ ಹಕ್ಕೂ ಹೋಯಿತು. ಕ್ಲಬ್ ಲೆಕ್ಕದಲ್ಲಿ ಅದು ಕೊಂಡದ್ದಲ್ಲ, ಬಾಡಿಗೆಗೆ ಪಡೆದದ್ದು. ಆದರೆ ಅಜ್ಜನ ಕಾಲದಿಂದ ಕೂತವರಿಗೆ ಅದನ್ನು ಹೇಳುವುದು ಹೇಗೆ? 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಕ್ಲಬ್ ಟಿಕೆಟ್ ಬೆಲೆ 77 ಪೌಂಡ್‌ವರೆಗೆ ಏರಿಸುತ್ತೇವೆ ಅಂದಾಗ, ಆನ್‌ಫೀಲ್ಡ್‌ನಲ್ಲಿ 77ನೇ ನಿಮಿಷಕ್ಕೆ ಸುಮಾರು 10,000 ಜನ ಎದ್ದು ಹೊರಗೆ ನಡೆದರು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಬೆಲೆ ಇಳಿಸಿದರು. ಆ ಸೀಟುಗಳು ತಮ್ಮವು ಅಂತ ನಂಬಿದವರು ಮಾತ್ರ ಹಾಗೆ ಎದ್ದು ಹೋಗುತ್ತಾರೆ.

ಇತ್ತ ಸಂಗೀತದ ಟಿಕೆಟ್ಟಿನ ಕಥೆ ಬೇರೆಯೇ ನಡೆಯಿತು. ಬ್ರಿಟನ್ನಿನಲ್ಲಿ ಅದನ್ನು ಲಾಭಕ್ಕೆ ಮರುಮಾರುವುದಕ್ಕೆ ಫುಟ್‌ಬಾಲ್‌ನಂಥ ನಿಷೇಧವೇ ಇರಲಿಲ್ಲ. ಕೊಂಡ ಬೆಲೆಗಿಂತ ಜಾಸ್ತಿಗೆ ಮಾರುವುದನ್ನು ತಡೆಯುತ್ತೇವೆ ಅಂತ ಸರ್ಕಾರ ಘೋಷಿಸಿದ್ದು 2025ರ ನವೆಂಬರ್‌ನಲ್ಲಿ. ಅದರಲ್ಲೂ ಕೊಂಡ ಬೆಲೆಗೆ ಮಾರಲು ಅಡ್ಡಿಯಿಲ್ಲ.

2024ರ ಜೂನ್‌ನಲ್ಲಿ ಟೇಲರ್ ಸ್ವಿಫ್ಟ್ ಆನ್‌ಫೀಲ್ಡ್‌ನಲ್ಲಿ ಮೂರು ರಾತ್ರಿ ಹಾಡಿದರು. ಆ ರಾತ್ರಿ ಬರಲಾಗದವಳು ತನ್ನ ಟಿಕೆಟ್ಟನ್ನು ಗೆಳತಿಗೆ ಮಾರಿದ್ದರೆ ಪೊಲೀಸರಿಗೆ ಅದರಲ್ಲಿ ಕೆಲಸವಿರಲಿಲ್ಲ. ಆಗಸ್ಟ್‌ನಲ್ಲಿ ಫುಟ್‌ಬಾಲ್ ಶುರುವಾಯಿತು. ಅದೇ ಸ್ಟ್ಯಾಂಡು, ಅದೇ ಸಾಲು, ಅದೇ ನಂಬರಿನ ಕುರ್ಚಿ. ಈಗ ಅವಳು ಅದನ್ನು ಅದೇ ಗೆಳತಿಗೆ, ಕೊಂಡ ಬೆಲೆಗೇ ಕೊಟ್ಟರೆ 166ನೇ ಸೆಕ್ಷನ್.