ನಾಸ್ತಿಕರಿಗೆ ಸಂಘಟನೆ ಬೇಕೇ? ಗೋರಾ ಮತ್ತು ದಾಭೋಲ್ಕರ್: ಅಧ್ಯಯನ ಟಿಪ್ಪಣಿ

ತಮಿಳುನಾಡಿನ ನಾಸ್ತಿಕ ನಾಯಕ ಪೆರಿಯಾರ್ ಅವರ ಸ್ವಾಭಿಮಾನ ಚಳವಳಿ (1925) ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಬಿಡುತ್ತೇನೆ. ತಲೆ ಕೆಡುವುದು ಗೋರಾ ಮತ್ತು ನರೇಂದ್ರ ದಾಭೋಲ್ಕರ್ ಅವರನ್ನು ಅಕ್ಕಪಕ್ಕ ಇಟ್ಟು ಓದಿದಾಗ: ಇಬ್ಬರೂ ನಾಸ್ತಿಕರೇ, ಆದರೆ ಕಟ್ಟಿದ ಸಂಘಟನೆಗಳು ಬೇರೆ ಬೇರೆ ಬಗೆಯವು.

ಗೋರಾ (1902–1975)
ಪೂರ್ಣ ಹೆಸರು ಗೋಪರಾಜು ರಾಮಚಂದ್ರರಾವ್, ಆಂಧ್ರದವರು, ಸಸ್ಯಶಾಸ್ತ್ರದ ಉಪನ್ಯಾಸಕರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು, 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ದೇವರಿಲ್ಲ ಎಂದು ಬಾಯಿಬಿಟ್ಟು ಹೇಳಿದರು. ಆದರೆ ದಿನದ ಕೆಲಸವೆಲ್ಲ ಸಹಭೋಜನ, ಅಂತರ್ಜಾತಿ ಮದುವೆ, ಅಸ್ಪೃಶ್ಯತೆಯ ವಿರುದ್ಧ ಹೋರಾಟ. ಪರಮ ಆಸ್ತಿಕರಾದ ಗಾಂಧೀಜಿಯವರ ಜೊತೆ ವಾದ ಮಾಡುತ್ತಲೇ ಸ್ನೇಹ ಉಳಿಸಿಕೊಂಡರು. ಗೋರಾ ಮಗಳು ದಲಿತ ಯುವಕನನ್ನು ಮದುವೆಯಾಗುವಾಗ ದೇವರ ಹೆಸರಿನ ಬದಲು ಸತ್ಯದ ಹೆಸರಿನಲ್ಲಿ ಪ್ರತಿಜ್ಞೆ ಮಾಡಿಸಲು ಗಾಂಧೀಜಿ ಒಪ್ಪಿದ್ದರು. ಮದುವೆ 1948ರ ಮಾರ್ಚ್‌ನಲ್ಲಿ ಸೇವಾಗ್ರಾಮದಲ್ಲಿ ನಡೆಯಿತು. ಅಷ್ಟರಲ್ಲಿ ಗಾಂಧೀಜಿಯವರ ಹತ್ಯೆಯಾಗಿತ್ತು.

ದಾಭೋಲ್ಕರ್
ವೈದ್ಯರು, ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ (1989) ಸ್ಥಾಪಕರು. ಸ್ವತಃ ನಾಸ್ತಿಕರಾದರೂ ಸಮಿತಿಯ ನಿಲುವು ಬೇರೆ: ದೇವರು, ಧರ್ಮದ ಮೇಲೆ ದಾಳಿಯಿಲ್ಲ, ಅವುಗಳ ಹೆಸರಿನ ಶೋಷಣೆಗೆ ಮಾತ್ರ ವಿರೋಧ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಅವರು ವರ್ಷಗಟ್ಟಲೆ ಕೇಳಿದ ಮಾಟಮಂತ್ರ ವಿರೋಧಿ ಕಾನೂನು ಮಹಾರಾಷ್ಟ್ರದಲ್ಲಿ ಆ ವರ್ಷವೇ ಬಂತು.

ಎಲ್ಲರೂ ಎಡವುವ ಹೆಜ್ಜೆ
ಪವಾಡ ಬಯಲಾದರೆ ದೇವರಿಲ್ಲ ಎಂದು ಸಾಬೀತಾದಂತೆಯೇ? ಅಲ್ಲ. ಇದನ್ನು ನಿಧಾನವಾಗಿ ನೋಡಬೇಕು.

ಕೆಂಡ ಹಾಯುವುದನ್ನು ತೆಗೆದುಕೊಳ್ಳಿ. ಕಟ್ಟಿಗೆಯ ಕೆಂಡ ಎಷ್ಟೇ ಬಿಸಿಯಿದ್ದರೂ ಶಾಖವನ್ನು ಬೇಗ ದಾಟಿಸುವುದಿಲ್ಲ. ಮೇಲಿನ ಬೂದಿ ಇನ್ನಷ್ಟು ತಡೆಯುತ್ತದೆ. ಪ್ರತಿ ಹೆಜ್ಜೆ ಕೆಂಡಕ್ಕೆ ತಾಗುವುದು ಒಂದು ಕ್ಷಣ ಮಾತ್ರ. ಚುರುಕಾಗಿ ನಡೆದರೆ ಸಾಮಾನ್ಯವಾಗಿ ಕಾಲು ಸುಡುವುದಿಲ್ಲ. ನಿಂತರೆ ಸುಡುತ್ತದೆ. ಓಡಿದರೆ ಬೆರಳು ಕೆಂಡದೊಳಗೆ ಹೂತು ಸುಡುತ್ತದೆ. ಹಳೆಯ ಮರದಲ್ಲಿ ಮೊಳೆ ಉಳಿದಿದ್ದರೂ ಅಪಾಯ, ಲೋಹ ಶಾಖವನ್ನು ತಕ್ಷಣ ದಾಟಿಸುತ್ತದೆ. ಇಷ್ಟರಿಂದ ಸಾಬೀತಾಗುವುದು ಒಂದೇ: ಕೆಂಡ ಹಾಯಲು ದೈವಶಕ್ತಿ ಬೇಕಿಲ್ಲ. ದೇವರು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ಇದು ಮುಟ್ಟುವುದೇ ಇಲ್ಲ.

ಈ ಗೆರೆ ದಾಟಿದ ಕಾರ್ಯಕರ್ತರು ಪ್ರಯೋಗ ಮುಗಿಯುತ್ತಿದ್ದಂತೆ "ನೋಡಿದಿರಾ, ನಿಮ್ಮ ದೇವರು ಸುಳ್ಳು" ಅನ್ನುತ್ತಾರೆ. ಅಲ್ಲಿಗೆ ಊರಿನವರು ಎದ್ದು ಹೋಗುತ್ತಾರೆ, ಮಂತ್ರವಾದಿ ಉಳಿದುಕೊಳ್ಳುತ್ತಾನೆ. ಅವನಿಂದ ಹಣ, ಆರೋಗ್ಯ ಕಳೆದುಕೊಂಡವರು ಬಹುತೇಕ ಭಕ್ತರೇ. ದೂರು ಕೊಡಬೇಕಾದವರೂ ಅವರೇ, ಸಾಕ್ಷಿ ಹೇಳಬೇಕಾದವರೂ ಅವರೇ. ಅವರನ್ನು ಮೂಢರೆಂದು ಕರೆದರೆ ಠಾಣೆಗೆ ಯಾರು ಬರುತ್ತಾರೆ? ವಿಭೂತಿ ಸೃಷ್ಟಿಯ ಪ್ರಯೋಗದಲ್ಲೂ ಇದೇ ಕ್ರಮ ಒಳ್ಳೆಯದು: ಬೂದಿಯನ್ನು ಗಂಜಿಯಲ್ಲಿ ಕಲಸಿ ಒಣಗಿಸಿದ ಗುಳಿಗೆಯನ್ನು ಹೆಬ್ಬೆರಳಿನ ಬುಡದಲ್ಲಿ ಅಡಗಿಸಿ ಪುಡಿ ಮಾಡಿ ತೋರಿಸಿ, ಮುಂದಿನ ಸಲ ಊರಿನವರ ಕೈಯಿಂದಲೇ ಮಾಡಿಸಿ, ಅಲ್ಲಿಗೆ ನಿಲ್ಲಿಸಿ.

ಕರ್ನಾಟಕದ 2017ರ ಮಾಟಮಂತ್ರ ವಿರೋಧಿ ಕಾನೂನು ಈ ಗೆರೆಯಲ್ಲೇ ನಿಂತಿದೆ. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನಕ್ಕೆ ನಿಷೇಧ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗೆ ಅಡ್ಡಿಯಿಲ್ಲ.

ಗುರುತಿಸುವ ಸುಲಭ ದಾರಿ
ಯಾವುದೇ ಸಂಘಟನೆ ಬಗ್ಗೆ ಪ್ರಶ್ನೆ ಬಂದರೆ ಮೊದಲು ಕೇಳಿ: ದೇವರನ್ನು ನಂಬುವವರು ಇದರಲ್ಲಿ ಕಾರ್ಯಕರ್ತರಾಗಬಹುದೇ? ಹೌದಾದರೆ ಅದು ಮೂಢನಂಬಿಕೆ ವಿರೋಧಿ ಸಂಘಟನೆ. ಇಲ್ಲವಾದರೆ ನಾಸ್ತಿಕ ಸಂಘಟನೆ.

ಹಾಗಾದರೆ ಎರಡನೆಯದು ಬೇಡವೇ? ಬೇಕು ಎಂದೇ ನನ್ನ ನಿಲುವು. ಆದರೆ ಅದರ ಮೊದಲ ಕೆಲಸ ನಾಸ್ತಿಕರ ಹಕ್ಕು. ಪುರೋಹಿತರಿಲ್ಲದ ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನದ ನೋಟಿಸಿನ ತೊಡಕೂ ಇದೆ. ಕೋರ್ಟಿನಲ್ಲಿ ದೇವರ ಹೆಸರು ಬಿಟ್ಟು ಪ್ರಮಾಣ ಮಾಡಲು 1969ರ ಕಾಯ್ದೆ ಅವಕಾಶ ಕೊಟ್ಟಿದೆ. ಅರ್ಜಿಯಲ್ಲಿ ಧರ್ಮ ಬರೆಯಲೇಬೇಕೆಂದು ಸರ್ಕಾರ ಬಲವಂತ ಮಾಡುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದೆ. ಕೌಂಟರಿನಲ್ಲಿ ಗುಮಾಸ್ತ ಒಪ್ಪದಿದ್ದಾಗ ಒಂಟಿ ಮನುಷ್ಯ ಸುಮ್ಮನೆ ಏನೋ ಒಂದು ಬರೆದು ಬರುತ್ತಾನೆ. ಬೆನ್ನಿಗೆ ಸಂಘವಿದ್ದರೆ ಆ ಆದೇಶದ ಪ್ರತಿಯನ್ನು ಗುಮಾಸ್ತನ ಮುಂದಿಡಬಹುದು.