ಹಳೇ ಕಾರಿಗೆ ಹೊಸ ಟಾಪ್: ಎಣ್ಣೆ, ಗಾಳಿ, ನೀರಿನ ದಾರಿ

ಮಾಜ್ದಾ ಕಂಪನಿಯ ಎಂಎಕ್ಸ್-5 ಕಾರು ಮೊದಲ ಸಲ ಜನರ ಕಣ್ಣಿಗೆ ಬಿದ್ದದ್ದು 1989ರ ಫೆಬ್ರವರಿಯಲ್ಲಿ, ಷಿಕಾಗೋ ಆಟೋ ಶೋದಲ್ಲಿ. ಎರಡೇ ಸೀಟು, 1.6 ಲೀಟರಿನ ಪುಟ್ಟ ಎಂಜಿನ್, ಕೂತಲ್ಲಿಂದಲೇ ಕೈಯಿಂದ ಹಿಂದಕ್ಕೆ ಮಡಚಬಹುದಾದ ಟಾಪ್. ಅಮೆರಿಕದಲ್ಲಿ ಇದನ್ನು ಮಿಯಾಟಾ ಅಂದರು, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಅಂದರು. ಎಲ್ಲ ತಲೆಮಾರುಗಳನ್ನೂ ಸೇರಿಸಿ 2016ರಲ್ಲಿ ಹತ್ತು ಲಕ್ಷ ಕಾರುಗಳಾದವು. ಮೊದಲ ತಲೆಮಾರಿನ ಕಾರು 1997ರವರೆಗೆ ಬಂತು. ಅವುಗಳಲ್ಲಿ ಸಾಕಷ್ಟು ಇನ್ನೂ ಓಡುತ್ತಿವೆ. ಎಂಜಿನ್ನಿನ ಆಯುಸ್ಸು ಗಟ್ಟಿ. ತಲೆಯ ಮೇಲಿನ ಟಾಪಿಗೆ ಅಷ್ಟು ಆಯುಸ್ಸಿಲ್ಲ.

ಈ ಕಾರು ಇಟ್ಟುಕೊಂಡವರ ದೂರು ಬಹುತೇಕ ಒಂದೇ. ಮಳೆ ಬಂದ ಮಾರನೇ ದಿನ ಸೀಟಿನ ಹಿಂದಿನ ಕಾರ್ಪೆಟ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ಜಿನುಗುತ್ತದೆ. ಟಾಪ್ ಹೋಯ್ತು ಎಂದುಕೊಂಡು ಹೊಸದು ತರಿಸುತ್ತಾರೆ. ಹೊಸದು ಹಾಕಿದ ಮೇಲೂ ಕಾರ್ಪೆಟ್ ಒದ್ದೆಯಾಗಿಯೇ ಇರುವುದುಂಟು. ಯಾಕೆ ಅಂತ ತಿಳಿಯಬೇಕಾದರೆ ಟಾಪ್ ಹೇಗೆ ಹಾಳಾಗುತ್ತದೆ, ಅದರ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ, ಎರಡನ್ನೂ ನೋಡಬೇಕು.

ಮೊದಲ ತಲೆಮಾರಿನ ಎಂಎಕ್ಸ್-5ಗೆ ಕಾರ್ಖಾನೆಯಿಂದ ಬಂದದ್ದು ವೈನಿಲ್ ಟಾಪ್. ಬಟ್ಟೆಯ ಮೇಲೆ ಪಿವಿಸಿ ಪ್ಲಾಸ್ಟಿಕ್ ಲೇಪಿಸಿದ ಹಾಳೆ ಇದು. ನಮ್ಮ ಆಟೋಗಳ ಹುಡ್ಡಿಗೆ, ಬಸ್ಸಿನ ಸೀಟಿಗೆ ಹಾಕುವ ರೆಕ್ಸಿನ್ ಇದರ ಹತ್ತಿರದ ನೆಂಟ. ಪಿವಿಸಿ ಅಂದಕೂಡಲೇ ನಮಗೆ ನೆನಪಾಗುವುದು ಗಟ್ಟಿ ನೀರಿನ ಪೈಪು, ಅಲ್ವಾ? ಅದೇ ಅದರ ಸಹಜ ರೂಪ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ ದಾಟುವವರೆಗೂ ಅದು ಗಾಜಿನ ಹಾಗೆ ಬಿಗಿಯಾಗಿಯೇ ಇರುತ್ತದೆ. ಅದನ್ನು ಮಡಚುವಂತೆ ಮಾಡಿದ್ದು ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೋ ಸೀಮನ್. 1926ರಲ್ಲಿ ಆತ ಹುಡುಕುತ್ತಿದ್ದದ್ದು ರಬ್ಬರನ್ನು ಲೋಹಕ್ಕೆ ಅಂಟಿಸುವ ಒಂದು ಅಂಟು. ಬೇಗ ಆವಿಯಾಗದ ದ್ರವದಲ್ಲಿ ಪಿವಿಸಿಯನ್ನು ಕಾಯಿಸಿದಾಗ ಸಿಕ್ಕಿದ್ದು ಬಗ್ಗುವ, ಪುಟಿಯುವ ಒಂದು ಮುದ್ದೆ. ಅಂಟಾಗಿ ಅದು ನಿಷ್ಪ್ರಯೋಜಕ. ಆದರೆ ಮುಂದೆ ಮಳೆ ಕೋಟು, ಸ್ನಾನದ ಮನೆಯ ಪರದೆ, ಕಾರಿನ ಟಾಪ್ ಎಲ್ಲ ಅದರಿಂದಲೇ ಬಂದವು.

ಒಳಗೆ ನಡೆಯುವುದು ಇಷ್ಟು. ಎಣ್ಣೆಯಂಥ ಸಣ್ಣ ಅಣುಗಳು ಪಿವಿಸಿಯ ಉದ್ದನೆಯ ಸರಪಳಿಗಳ ನಡುವೆ ಹೊಕ್ಕು ಅವು ಒಂದಕ್ಕೊಂದು ಕಚ್ಚಿಕೊಳ್ಳದಂತೆ ದೂರ ಇಡುತ್ತವೆ. ಪ್ಲಾಸ್ಟಿಸೈಸರ್ ಅನ್ನುತ್ತಾರೆ. ಮುಖ್ಯ ವಿಷಯ ಏನೆಂದರೆ ಈ ಎಣ್ಣೆ ಪಿವಿಸಿ ಜೊತೆ ರಾಸಾಯನಿಕವಾಗಿ ಸೇರಿಕೊಂಡಿಲ್ಲ, ಸುಮ್ನೆ ಒಳಗೆ ಕೂತಿದೆ ಅಷ್ಟೇ. ಹಾಗಾಗಿ ಬಿಸಿಲಿಗೆ ಸ್ವಲ್ಪಸ್ವಲ್ಪವಾಗಿ ಹೊರಟುಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಮುಂದಿನ ಗಾಜನ್ನು ಒಳಗಡೆಯಿಂದ ಒರೆಸಿ ನೋಡಿ, ಬಟ್ಟೆಗೆ ಜಿಡ್ಡು ಹತ್ತುತ್ತದೆ. ಆ ಜಿಡ್ಡಿನಲ್ಲಿ ಒಂದು ಪಾಲು ಡ್ಯಾಶ್‌ಬೋರ್ಡಿನಿಂದ, ಸೀಟಿನಿಂದ ಹೀಗೆ ಹೊರಟುಬಂದ ಎಣ್ಣೆಯೇ.

ಎಣ್ಣೆ ಕಡಿಮೆಯಾದಷ್ಟೂ ಹಾಳೆ ಕುಗ್ಗುತ್ತದೆ, ಬಿರುಸಾಗುತ್ತದೆ, ಪೈಪಿನ ಗುಣಕ್ಕೆ ವಾಪಸ್ ಹೋಗುತ್ತದೆ. ಮೊದಲು ಬಿರಿಯುವುದು ಮಡಿಕೆ ಬೀಳುವ ಜಾಗದಲ್ಲೇ. ಚಳಿಗಾಲದ ಬೆಳಿಗ್ಗೆ ಇಂಥ ಟಾಪನ್ನು ಮಡಚುವುದು ಅಂದರೆ ಅದನ್ನು ಮುರಿಯುವುದೇ ಸರಿ. ಹಿಂದಿನ ಕಿಟಕಿಯದು ಇನ್ನೂ ಕಷ್ಟ. ಮೊದಲ ತಲೆಮಾರಿನಲ್ಲಿ ಅದು ಗಾಜಲ್ಲ, ಜಿಪ್ ಹಾಕಿದ ಪಾರದರ್ಶಕ ಪಿವಿಸಿ. ಬಟ್ಟೆಯ ಆಸರೆ ಇಲ್ಲ, ಬಣ್ಣದ ರಕ್ಷಣೆಯೂ ಇಲ್ಲ. ಬಿಸಿಲಿನ ನೇರಳಾತೀತ ಕಿರಣಗಳು ಪಿವಿಸಿ ಸರಪಳಿಯಿಂದ ಹೈಡ್ರೋಜನ್ ಕ್ಲೋರೈಡನ್ನು ಕಿತ್ತು ಹಾಕುತ್ತವೆ. ಹೀಗೆ ಕಿತ್ತ ಕಡೆ ಇಂಗಾಲದ ಜೋಡಿ ಬಂಧಗಳು ಸಾಲಾಗಿ ಉಳಿಯುತ್ತವೆ. ಸಾಲು ಉದ್ದವಾದಾಗ ಅದು ನೀಲಿ ಬೆಳಕನ್ನು ನುಂಗಲು ಶುರುಮಾಡುತ್ತದೆ, ಕಿಟಕಿ ಹಳದಿಯಾಗಿ ಕಾಣುತ್ತದೆ. ಹೊರಬಿದ್ದ ಹೈಡ್ರೋಜನ್ ಕ್ಲೋರೈಡ್ ಇದೇ ಕೆಲಸವನ್ನು ಇನ್ನೂ ಜೋರು ಮಾಡುತ್ತದೆ. ಪಾಲಿಶ್ ಹಾಕಿ ಉಜ್ಜಿದರೆ ಮೇಲಿನ ಗೀರು ಹೋಗುತ್ತದೆ, ಒಳಗಿನ ಹಳದಿ ಹೋಗುವುದಿಲ್ಲ. ಹಳದಿಯಾದ ಕಿಟಕಿಯ ಮೇಲೆ ಪಾಲಿಶ್ ಡಬ್ಬಿ ಖಾಲಿ ಮಾಡುವುದು ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ.

ಹೊಸ ಟಾಪ್ ಕೊಳ್ಳುವಾಗ ಎರಡು ದಾರಿ. ಮತ್ತೆ ವೈನಿಲ್ಲೇ ಹಾಕಬಹುದು, ಇಲ್ಲ ಬಟ್ಟೆ ಟಾಪ್ ಹಾಕಬಹುದು. ಬಟ್ಟೆ ಟಾಪಿನ ಕಥೆ ಕಾರಿಗಿಂತ ಹಳೆಯದು. 1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ ಒಂದು ಪೇಟೆಂಟ್ ಪಡೆದ. ಕಲ್ಲಿದ್ದಲಿನ ಡಾಂಬರಿನಿಂದ ಬರುವ ನ್ಯಾಫ್ತಾದಲ್ಲಿ ರಬ್ಬರನ್ನು ಕರಗಿಸಿ, ಎರಡು ಬಟ್ಟೆಗಳ ನಡುವೆ ಹಚ್ಚಿ ಒತ್ತುವುದು. ನೀರು ನಿಂತಿತು. ಆದರೆ ಆ ಕೋಟು ಬೇಸಿಗೆಯಲ್ಲಿ ಅಂಟಂಟು, ಚಳಿಯಲ್ಲಿ ಹಲಗೆ. ರಬ್ಬರಿಗೆ ಗಂಧಕ ಸೇರಿಸಿ ಬೇಯಿಸುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಆ ವಿಧಾನ ಬಂದ ಮೇಲೆ ಈ ಕಾಟ ತಪ್ಪಿತು. ಇವತ್ತಿನ ಒಳ್ಳೆಯ ಬಟ್ಟೆ ಟಾಪಿನಲ್ಲೂ ಅದೇ ಮೂರು ಪದರ. ಮೇಲೆ ಅಕ್ರಿಲಿಕ್ ನೇಯ್ಗೆ, ಕೆಳಗೆ ಹತ್ತಿ ಅಥವಾ ಪಾಲಿಯೆಸ್ಟರ್, ನಡುವೆ ಬ್ಯುಟೈಲ್ ರಬ್ಬರ್. ಸೈಕಲ್ ಟ್ಯೂಬಿನಲ್ಲಿ ಗಾಳಿ ಹಿಡಿದಿಡುವುದು ಇದೇ ಬ್ಯುಟೈಲ್. ಅಕ್ರಿಲಿಕ್ ನೂಲಿಗೆ ನೂಲುವ ಮೊದಲೇ ಬಣ್ಣ ಸೇರಿಸಿರುತ್ತಾರೆ. ಎಳೆಯ ಒಳಗೂ ಬಣ್ಣ ಇರುವುದರಿಂದ ಅದು ಬೇಗ ಮಾಸುವುದಿಲ್ಲ.

ಬಟ್ಟೆ ಟಾಪಿಗೂ ದೌರ್ಬಲ್ಯ ಇದೆ. ಹೊಲಿದ ಕಡೆಯೆಲ್ಲ ಸೂಜಿ ತೂತು. ಅಲ್ಲಿ ರಬ್ಬರ್ ಪದರವೂ ತೂತಾಗಿರುತ್ತದೆ, ಅದಕ್ಕೇ ಹೊಲಿಗೆಯ ಮೇಲೆ ಬೇರೆಯಾಗಿ ಸೀಲ್ ಮಾಡಬೇಕು. ವೈನಿಲ್ಲಿಗೆ ಈ ತೊಂದರೆ ತಪ್ಪಿಸುವ ಒಂದು ಸೊಗಸಾದ ಉಪಾಯ ಇದೆ. ಎರಡು ಹಾಳೆಗಳನ್ನು ಲೋಹದ ಪಟ್ಟಿಗಳ ನಡುವೆ ಒತ್ತಿ, 27.12 ಮೆಗಾಹರ್ಟ್ಸ್‌ನ ರೇಡಿಯೋ ತರಂಗ ಹಾಯಿಸುತ್ತಾರೆ. ಪಿವಿಸಿಯಲ್ಲಿ ಕ್ಲೋರಿನ್ ಇರುವ ತುದಿಗೆ ಸ್ವಲ್ಪ ಋಣ ವಿದ್ಯುದಂಶ ಇರುತ್ತದೆ. ತರಂಗದ ದಿಕ್ಕು ಬದಲಾದಾಗಲೆಲ್ಲ ಆ ಭಾಗ ಅತ್ತಿತ್ತ ತಿರುಗಲು ಹೆಣಗಿ ಒಳಗಿನಿಂದಲೇ ಬಿಸಿಯಾಗುತ್ತದೆ. ಹಾಳೆಗಳು ಬೆಸೆದುಕೊಳ್ಳುತ್ತವೆ, ತೂತೇ ಬೀಳುವುದಿಲ್ಲ.

ಟಾಪನ್ನು ಅಷ್ಟೊಂದು ಬಿಗಿಯಾಗಿ ಯಾಕೆ ಎಳೆದು ಕಟ್ಟಬೇಕು? ಮಳೆಗಿಂತ ಜಾಸ್ತಿ ಗಾಳಿಯ ಕಾರಣಕ್ಕೆ. ಓಡುವ ಕಾರಿನ ಟಾಪನ್ನು ಗಾಳಿ ಕೆಳಗೆ ಒತ್ತುತ್ತದೆ ಅಂತ ಅನ್ನಿಸುವುದು ಸಹಜ. ಆಗುವುದು ಉಲ್ಟಾ. ಕಾರಿನ ಬೆನ್ನ ಮೇಲೆ ಬಾಗಿ ಹರಿಯುವ ಗಾಳಿಗೆ ವೇಗ ಹೆಚ್ಚು, ಒತ್ತಡ ಕಡಿಮೆ. ಒಳಗೆ ನಿಂತ ಗಾಳಿಯ ಒತ್ತಡ ಜಾಸ್ತಿ, ಅದು ಬಟ್ಟೆಯನ್ನು ಮೇಲಕ್ಕೆ ತಳ್ಳುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಗಾಳಿ ಒಂದು ಚದರ ಮೀಟರಿನ ಮೇಲೆ ಹಾಕಬಲ್ಲ ಒತ್ತು ಸುಮಾರು 46 ಕಿಲೋ ತೂಕದಷ್ಟು. ಅದರ ಅರ್ಧ ಟಾಪಿನ ಮೇಲೆ ಬಿತ್ತು ಅಂದುಕೊಂಡರೂ ಪ್ರತಿ ಚದರ ಮೀಟರಿಗೆ ಇಪ್ಪತ್ತಮೂರು ಕಿಲೋ ಎಳೆತ. ವೇಗ 140 ಆದರೆ ಅದು ಎರಡರಷ್ಟಾಗುತ್ತದೆ. ಸಡಿಲ ಟಾಪ್ ಆಗ ಉಬ್ಬುತ್ತದೆ, ಪಟಪಟ ಬಡಿಯುತ್ತದೆ, ಬಡಿದಲ್ಲೇ ಸವೆಯುತ್ತದೆ. ಮೃದಂಗದ ಮುಚ್ಚಿಗೆಯ ಹಾಗೆ ಇದರಲ್ಲೂ ಬಿಗಿತ ಎಲ್ಲ ಕಡೆ ಒಂದೇ ಸಮ ಇರಬೇಕು. ಎಂಎಕ್ಸ್-5ನಲ್ಲಿ ಪಕ್ಕದ ಕಿಟಕಿಗಳ ಮೇಲೆ ಬಟ್ಟೆಯ ಅಂಚಿನೊಳಗೆ ಒಂದೊಂದು ತೆಳು ಉಕ್ಕಿನ ಕೇಬಲ್ ಓಡುತ್ತದೆ. ಅಂಚು ಗಾಳಿಗೆ ಏಳದಂತೆ ಹಿಡಿಯುವುದು ಅದರ ಕೆಲಸ. ಹಳೇ ಟಾಪ್ ಬಿಚ್ಚುವಾಗ ಇದನ್ನು ಹುಷಾರಾಗಿ ಎತ್ತಿಡಬೇಕು.

ಬಿಚ್ಚುವ ಕೆಲಸಕ್ಕೆ ತಾಳ್ಮೆ ಬೇಕು. ಹಿಂಭಾಗದಲ್ಲಿ ಟಾಪಿನ ಬುಡವನ್ನು ಲೋಹದ ಪಟ್ಟಿಗಳು ಬಾಡಿಗೆ ಒತ್ತಿ ಹಿಡಿದಿರುತ್ತವೆ, ಅವಕ್ಕೆ ಸಾಲಾಗಿ 10 ಮಿಲಿಮೀಟರ್ ನಟ್ಟುಗಳು. ಮೂಲೆಯವು ಕೈಗೆ ಸಿಗುವುದಿಲ್ಲ, ಬೆರಳಿನ ಗಂಟು ತರಚದೆ ಬಿಚ್ಚಿದವರು ಕಡಿಮೆ. ಆಮೇಲೆ ಕಬ್ಬಿಣದ ಚೌಕಟ್ಟನ್ನು ಕಾರಿನಿಂದ ಇಳಿಸಿ, ಹಳೇ ರಿವೆಟ್ಟುಗಳನ್ನು ಡ್ರಿಲ್ ಮಾಡಿ ತೆಗೆದು, ಬಟ್ಟೆ ಕಿತ್ತು, ಒಣಗಿದ ಅಂಟನ್ನು ಕೆರೆಯಬೇಕು. ಹೊಸ ಟಾಪನ್ನು ಪೊಟ್ಟಣದಿಂದ ತೆಗೆದ ತಕ್ಷಣ ಹಾಕುವುದಿಲ್ಲ. ಬಿಸಿಲಲ್ಲಿ ಹರಡಿ ಮಡಿಕೆ ಬಿಡಿಸುತ್ತಾರೆ. ಬೆಚ್ಚಗಿನ ವೈನಿಲ್ ಚೆನ್ನಾಗಿ ಎಳೆಸಿಕೊಳ್ಳುತ್ತದೆ. ಎಳೆದು ಕಟ್ಟಿ ತಣ್ಣಗಾದ ಮೇಲೆ ಕುಗ್ಗಿ ತಾನೇ ಬಿಗಿಯಾಗುತ್ತದೆ. ತಣ್ಣಗಿರುವಾಗ ಕಟ್ಟಿದ ಟಾಪ್ ಬೇಸಿಗೆಯಲ್ಲಿ ಜೋಲು ಬೀಳುತ್ತದೆ.

ಅಂಟಿನ ವಿಷಯದಲ್ಲಿ ಅವಸರ ಸಲ್ಲದು. ಇಲ್ಲಿ ಬಳಸುವುದು ಕುಷನ್ ಕೆಲಸದವರು ಹಚ್ಚುವಂಥ ರಬ್ಬರ್ ಅಂಟು. ಎರಡೂ ಕಡೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಬಿಟ್ಟು, ಆಮೇಲೆ ಒತ್ತಬೇಕು. ಒಳಗಿನ ದ್ರಾವಕ ಹಾರಿಹೋದ ಮೇಲೆಯೇ ಎರಡು ಕಡೆಯ ರಬ್ಬರ್ ಒಂದರೊಳಗೊಂದು ಹೆಣೆದುಕೊಳ್ಳುವುದು. ಮೋಡ ಕವಿದ ತೇವದ ದಿನ ಈ ಕೆಲಸ ಬೇಡ. ದ್ರಾವಕ ಆರುವಾಗ ಅಂಟಿನ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಹಿಡಿತ ಕೆಡಿಸುತ್ತದೆ. ಎಲ್ಲ ಮುಗಿದ ಮೇಲೆ ಮುಂದಿನ ಲಾಚ್ ಹಾಕಲು ಪೂರ್ತಿ ಬಲ ಹಾಕಬೇಕಾಗುತ್ತದೆ. ಗಾಬರಿ ಬೇಡ. ಕೆಲವು ದಿನ ಟಾಪ್ ತೆರೆಯದೆ ಹಾಗೇ ಬಿಟ್ಟರೆ ಬಟ್ಟೆ ಜಾಗಕ್ಕೆ ಕೂರುತ್ತದೆ.

ಇನ್ನು ಒದ್ದೆ ಕಾರ್ಪೆಟ್. ಕಿಟಕಿಯ ಬುಡದಲ್ಲಿ, ಟಾಪಿನ ಒಳಗಡೆ, ಉದ್ದಕ್ಕೂ ಒಂದು ಪ್ಲಾಸ್ಟಿಕ್ ದೋಣಿ ಇದೆ, ರೇನ್ ರೈಲ್ ಅನ್ನುತ್ತಾರೆ. ಹಿಂದಿನ ಕಿಟಕಿಯ ಮೇಲಿಂದ ಇಳಿದ ನೀರನ್ನು ಹೊರಗೇ ತಡೆಯುವ ಪ್ರಯತ್ನವನ್ನು ಈ ಕಾರು ಮಾಡುವುದೇ ಇಲ್ಲ. ಅದನ್ನು ಬಾಡಿಯೊಳಗೆ ಬಿಟ್ಟುಕೊಂಡು, ಈ ದೋಣಿಯಲ್ಲಿ ಹಿಡಿದು, ಎರಡು ಪಕ್ಕದ ಕೊಳವೆಗಳ ಮೂಲಕ ಹಿಂದಿನ ಚಕ್ರಗಳ ಮುಂದೆ ನೆಲಕ್ಕೆ ಬಿಡುತ್ತದೆ. ಮಡಚುವ ಟಾಪಿಗೆ ಇದು ಜಾಣತನದ ದಾರಿ. ಆದರೆ ಆ ಕೊಳವೆಗೆ ಎಲೆ, ಧೂಳು, ಮರದ ಹೂವು ಸೇರಿ ಕೆಸರಾಗಿ ಕಟ್ಟಿಕೊಂಡರೆ ನೀರು ಒಳಗೆ ಉಕ್ಕುತ್ತದೆ. ಕಾರ್ಪೆಟ್ ನೆನೆಯುವುದು ಕಣ್ಣಿಗೆ ಕಾಣುತ್ತದೆ. ಬಾಗಿಲಿನ ಕೆಳಗಿನ ಟೊಳ್ಳು ಪಟ್ಟಿಯೊಳಗೆ ಇಳಿದ ನೀರು ಕಾಣುವುದಿಲ್ಲ, ಒಳಗಿಂದಲೇ ತುಕ್ಕು ಹಿಡಿಸುತ್ತದೆ. ಈ ಕಾರುಗಳ ಹಿಂದಿನ ಚಕ್ರದ ಮುಂದಿನ ತಗಡು ಕೊಳೆಯುವುದಕ್ಕೆ ಇದೇ ದೊಡ್ಡ ಕಾರಣಗಳಲ್ಲೊಂದು. ದುಬಾರಿ ಬಟ್ಟೆ ತರಿಸಿ, ಬಿರುಕು ಬಿಟ್ಟ ಹಳೇ ದೋಣಿಯನ್ನೇ ಮತ್ತೆ ಹಾಕುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ. ಪಕ್ಕದ ರಬ್ಬರ್ ಬೀಡಿಂಗಿಗೂ ಇದೇ ಮಾತು. ಅದು ಗಟ್ಟಿಯಾಗಿ ಚಪ್ಪಟೆಯಾಗಿದ್ದರೆ ಮೇಲಿನ ಬಟ್ಟೆ ಎಷ್ಟು ಹೊಸದಾದರೂ ಗಾಜಿನ ಅಂಚಿನಿಂದ ನೀರು ಬರುತ್ತದೆ.

ಕಿಟಕಿ ಪ್ಲಾಸ್ಟಿಕ್ಕಿನದೋ ಗಾಜಿನದೋ ಅನ್ನುವ ಚರ್ಚೆ ಬೇಗ ಮುಗಿಯುತ್ತದೆ. 1998ರಲ್ಲಿ ಬಂದ ಎರಡನೇ ತಲೆಮಾರಿಗೆ ಮಾಜ್ದಾ ಕಂಪನಿಯೇ ಗಾಜು ಹಾಕಿತು, ಮಂಜು ಕರಗಿಸುವ ಬಿಸಿ ತಂತಿಯ ಸಮೇತ. ಮೊದಲ ತಲೆಮಾರಿನ ಕಾರಿಗೂ ಗಾಜಿನ ಕಿಟಕಿಯ ಟಾಪ್ ಸಿಗುತ್ತದೆ. ದಿನಾ ಓಡಿಸುವವರಿಗೆ ಅದೇ ವಾಸಿ. ಕಾರು ಹೊಸದಿದ್ದಾಗ ಹೇಗಿತ್ತೋ ಹಾಗೇ ಇರಲಿ ಅನ್ನುವವರು ಪ್ಲಾಸ್ಟಿಕ್ ಇಟ್ಟುಕೊಂಡು, ಮಡಚುವ ಮೊದಲು ಜಿಪ್ ತೆಗೆದು ಕಿಟಕಿಯನ್ನು ಚಪ್ಪಟೆ ಮಲಗಿಸಲಿ. ಜಪಾನಿನಲ್ಲಿ ಮಾಜ್ದಾ ಕಂಪನಿ ಹಳೇ ರೋಡ್‌ಸ್ಟರುಗಳ ಜೀರ್ಣೋದ್ಧಾರಕ್ಕೆಂದೇ ಒಂದು ಸೇವೆ ಶುರುಮಾಡಿದೆ. 2017ರಲ್ಲಿ ಅದನ್ನು ಪ್ರಕಟಿಸಿದಾಗ ಮತ್ತೆ ತಯಾರಿಸುವ ಭಾಗಗಳ ಪಟ್ಟಿಯಲ್ಲಿ ಟಾಪ್ ಕೂಡ ಇತ್ತು.

ಕೆಲಸ ಆದ ಮೇಲೆ ಪರೀಕ್ಷೆ. ಮೊದಲು ದೋಣಿಯ ಎರಡೂ ತುದಿಗೆ ಒಂದೊಂದು ಚೊಂಬು ನೀರು ಸುರಿದು ಕಾರಿನ ಕೆಳಗೆ ಬಗ್ಗಿ ನೋಡಬೇಕು. ಸುರಿದಷ್ಟೂ ನೀರು ತಡವಿಲ್ಲದೆ ನೆಲಕ್ಕೆ ಬೀಳಬೇಕು. ಆಮೇಲೆ ಪೈಪಿನಿಂದ ನೀರು ಬಿಡುವುದು, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತಿರಬೇಕು. ಇಲ್ಲಿ ಕ್ರಮ ಮುಖ್ಯ. ಮೇಲಿಂದ ಶುರುಮಾಡಿದರೆ ನೀರು ಎಲ್ಲ ಅಂಚುಗಳನ್ನೂ ಒಟ್ಟಿಗೆ ನೆನೆಸಿ, ಸೋರಿದ್ದು ಯಾವುದು ಅಂತಲೇ ತಿಳಿಯುವುದಿಲ್ಲ. ಕೆಳಗಿನ ಅಂಚಿನಿಂದ ಹಿಡಿದು ನಿಧಾನವಾಗಿ ಮೇಲೆ ಹೋದರೆ, ಹನಿ ಕಂಡ ಕ್ಷಣದಲ್ಲಿ ಪೈಪು ಎಲ್ಲಿತ್ತೋ ಅಲ್ಲೇ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಬಹುದು.